ಮೊದಲು ಹೆಸರು, ಆಮೇಲೆ ಬಾವುಟ: ಕಾಸರಗೋಡಿನ ಅಂಗಡಿ ಕೆಲಸದವರು ಯೂನಿಯನ್ ಕಟ್ಟುವ ಬಗೆ

ಕಾಸರಗೋಡಿನಲ್ಲಿ ಯೂನಿಯನ್ ಬಾವುಟಕ್ಕೆ ಬರ ಇಲ್ಲ. ಸಿಐಟಿಯು, ಐಎನ್‌ಟಿಯುಸಿ, ಬಿಎಂಎಸ್, ಎಸ್‌ಟಿಯು, ಎಐಟಿಯುಸಿ, ಯಾವುದು ಬೇಕು ಹೇಳಿ. ಆದರೆ ಅದೇ ಪೇಟೆಯ ಬಟ್ಟೆ ಅಂಗಡಿ, ಸೂಪರ್‌ಮಾರ್ಕೆಟ್, ಮೊಬೈಲ್ ಶೋರೂಮಿನ ಒಳಗೆ ಹೋಗಿ ಕೇಳಿದರೆ ಹೆಚ್ಚಿನವರಿಗೆ ಯಾವ ಯೂನಿಯನ್ನೂ ಇಲ್ಲ. ಇದು ಅಂಥವರಿಗೆ ಬರೆದದ್ದು.

ಸಾಮಾನ್ಯವಾಗಿ ಏನಾಗುತ್ತದೆ ಅಂದರೆ, ಸಿಟ್ಟು ಬಂದ ಕೂಡಲೇ ನಾಲ್ಕು ಜನ ಹೋಗಿ ಪರಿಚಯದ ಒಬ್ಬ ಲೀಡರನ್ನು ಕರೆದುಕೊಂಡು ಬರುತ್ತಾರೆ, ಅವರು ಅಂಗಡಿ ಎದುರು ಬಾವುಟ ನೆಡುತ್ತಾರೆ, ಭಾಷಣ, ಫೋಟೋ ಎಲ್ಲ ಆಗುತ್ತದೆ, ಮರುದಿನ ಮಾಲಕರು ಒಬ್ಬೊಬ್ಬರನ್ನೇ ಕ್ಯಾಬಿನ್ನಿಗೆ ಕರೆದು ಮಾತಾಡುತ್ತಾರೆ. ವಾರ ಕಳೆಯುವಾಗ ಬಾವುಟ ಅಲ್ಲೇ ಇರುತ್ತದೆ, ಸದಸ್ಯರು ಇರುವುದಿಲ್ಲ. ಹಾಗಾಗಿ ಮೊದಲು ಹೆಸರು ಸೇರಿಸಿ.

ಹೆಸರು ಸೇರಿಸಲು ಒಂದು ವಿಷಯ ಬೇಕು. ಸಂಬಳ ಜಾಸ್ತಿ ಆಗಬೇಕು ಅನ್ನುವುದರಿಂದ ಶುರು ಮಾಡಬೇಡಿ. ಅದು ಎಲ್ಲರಿಗೂ ಬೇಕು, ಆದರೆ ಎಷ್ಟು ಬೇಕು ಅನ್ನುವಲ್ಲೇ ಜಗಳ ಬೀಳುತ್ತದೆ. ಕಾನೂನು ಈಗಾಗಲೇ ಕೊಟ್ಟದ್ದು, ನಿಮ್ಮ ಅಂಗಡಿಯಲ್ಲಿ ಮಾತ್ರ ಸಿಗದೇ ಇರುವುದು, ಅಂಥದ್ದನ್ನು ಹುಡುಕಿ. ಕೂರುವ ಹಕ್ಕನ್ನೇ ನೋಡಿ. 2018ರಲ್ಲಿ ಕೇರಳ ಸರ್ಕಾರ ಅಂಗಡಿ ಕಾಯ್ದೆಗೆ ತಿದ್ದುಪಡಿ ತಂದು ಕೆಲಸದವರಿಗೆ ಕೂರುವ ವ್ಯವಸ್ಥೆ ಇರಲೇಬೇಕು ಅಂತ ಮಾಡಿತು. ಅದು ಸುಮ್ನೆ ಬಂದದ್ದಲ್ಲ. ಕಲ್ಲಿಕೋಟೆಯ ಬಟ್ಟೆ ಅಂಗಡಿಗಳ ಹೆಂಗಸರು, ಟೈಲರ್ ಆಗಿದ್ದ ಪಿ. ವಿಜಿ ಮತ್ತು ಅವರ ‘ಪೆಣ್‌ಕೂಟ್ಟ್’ ಸಂಘಟನೆಯ ಜೊತೆ ವರ್ಷಗಟ್ಟಲೆ ಹೋರಾಡಿ ಪಡೆದದ್ದು. ಅವರು ಮೊದಲು ಎತ್ತಿಕೊಂಡ ವಿಷಯ ಯಾವುದು ಗೊತ್ತಾ? ಮೂತ್ರಾಲಯ. ಎಲ್ಲರಿಗೂ ದಿನಾ ಬೇಕಾದ ವಿಷಯ, ಹಾಗಾಗಿ ಕೆಲಸದವರಲ್ಲಿ ವಿರೋಧ ಮಾಡುವವರೇ ಇಲ್ಲ.

ನಮ್ಮ ಕಡೆ ಸ್ಟೂಲು ಇರುತ್ತದೆ. ಇಲ್ಲ ಅನ್ನಬಾರದು. ಸೀರೆ ರ‍್ಯಾಕಿನ ಹಿಂದೆ, ಖಾಲಿ ಬಾಕ್ಸುಗಳ ಅಡಿಯಲ್ಲಿ, ಪ್ಲಾಸ್ಟಿಕ್ ಕವರು ಸಹ ತೆಗೆಯದೆ. ಲೇಬರ್ ಆಫೀಸರು ಬರುವ ಸುದ್ದಿ ಸಿಕ್ಕಿದ ದಿನ ಅದು ಹೊರಗೆ ಬರುತ್ತದೆ, ಸಂಜೆಗೆ ವಾಪಸ್ ಒಳಗೆ. ಅದೇ ಕಾಯ್ದೆಯಲ್ಲಿ ಓಟಿಗೆ, ಅಂದರೆ ಹೊತ್ತು ಮೀರಿ ಮಾಡಿದ ಕೆಲಸಕ್ಕೆ, ಎರಡು ಪಟ್ಟು ಕೂಲಿ, ವಾರಕ್ಕೊಂದು ರಜೆ ಎಲ್ಲ ಇದೆ. ಯಾವುದು ನಿಮ್ಮಲ್ಲಿ ಹೆಚ್ಚು ಜನರಿಗೆ ಚುಚ್ಚುತ್ತಿದೆಯೋ ಅದನ್ನು ಹಿಡಿಯಿರಿ.

ಇನ್ನು ಮಾತು. ಅಂಗಡಿ ಒಳಗೆ ಬೇಡ, ಕ್ಯಾಮರಾ ಇದೆ, ಮಾಲಕರ ಸಂಬಂಧಿಕರು ಒಬ್ಬರಾದರೂ ಇದ್ದೇ ಇರುತ್ತಾರೆ. ವಾಟ್ಸಾಪ್ ಗ್ರೂಪ್ ಅಂತೂ ಬೇಡವೇ ಬೇಡ, ಸ್ಕ್ರೀನ್‌ಶಾಟು ಅರ್ಧ ಗಂಟೆಯಲ್ಲಿ ಕ್ಯಾಬಿನ್ನಿಗೆ ಮುಟ್ಟುತ್ತದೆ. ರಾತ್ರಿ ಬದಿಯಡ್ಕಕ್ಕೆ ಹೋಗುವ ಬಸ್ಸು, ಮಂಜೇಶ್ವರಕ್ಕೆ ಹೋಗುವ ಟ್ರೈನು, ಅಲ್ಲಿ ಒಬ್ಬೊಬ್ಬರ ಹತ್ತಿರವೇ ಮಾತಾಡಿ. ಭಾಷಣ ಬಿಗಿಯಬೇಡಿ, ಕೇಳಿ. “ಅಕ್ಕ, ನಿನ್ನೆ ಎಷ್ಟು ಗಂಟೆಗೆ ಬಿಟ್ರು? ಓಟಿ ಬರೆದುಕೊಂಡ್ರಾ?” ಇಷ್ಟು ಸಾಕು, ಉಳಿದದ್ದು ಅವರೇ ಹೇಳುತ್ತಾರೆ. “ಹೌದು ಹೌದು, ಯೂನಿಯನ್ ಬೇಕು” ಅಂತ ತಲೆ ಆಡಿಸಿದವರನ್ನೆಲ್ಲ ಲೆಕ್ಕಕ್ಕೆ ಹಿಡಿಯಬೇಡಿ. ಒಂದು ಸಣ್ಣ ಕೆಲಸ ಹೇಳಿ ನೋಡಿ: ಹೋದ ತಿಂಗಳ ಸಂಬಳ ಚೀಟಿಯ ಕಾಪಿ ತರಲು, ಅಥವಾ ಪಕ್ಕದ ಸೆಕ್ಷನ್ನಿನ ಒಬ್ಬರ ಹತ್ತಿರ ಮಾತಾಡಲು. ಮಾಡಿದವರು ನಿಮ್ಮ ಜನ.

ಇದೆಲ್ಲ ಒಂದು ಪುಸ್ತಕದಲ್ಲಿ ಬರೆಯಿರಿ. ಹೆಸರು, ಸೆಕ್ಷನ್, ಕೆಲಸದ ಗಂಟೆ, ಯಾವ ಊರಿನ ಕಡೆ ಹೋಗುತ್ತಾರೆ, ಯಾವ ಭಾಷೆ, ಯಾರ ಮಾತು ಕೇಳುತ್ತಾರೆ. ಆ ಪುಸ್ತಕ ಮನೆಯಲ್ಲೇ ಇರಲಿ. ಮೂರರಲ್ಲಿ ಎರಡು ಪಾಲು ಜನ ಗಟ್ಟಿಯಾಗುವವರೆಗೆ ಹೊರಗೆ ಬಾಯಿ ಬಿಡಬೇಡಿ ಅನ್ನುವುದು ನನ್ನ ಲೆಕ್ಕ, ಕೆಲವರು ಅರ್ಧ ಸಾಕು ಅನ್ನುತ್ತಾರೆ.

ಭಾಷೆ ನಮ್ಮಲ್ಲಿ ದೊಡ್ಡ ವಿಷಯ. ಒಂದೇ ಅಂಗಡಿಯಲ್ಲಿ ಪೈವಳಿಕೆಯ ಕನ್ನಡದ ಹುಡುಗಿ, ಚೆರುವತ್ತೂರಿನ ಮಲಯಾಳದವರು, ಮನೆಯಲ್ಲಿ ತುಳು ಅಥವಾ ಬ್ಯಾರಿ ಮಾತಾಡುವವರು, ಗೋಡೌನಿನಲ್ಲಿ ಬಿಹಾರದ ಹುಡುಗರು. ಮೀಟಿಂಗ್ ಪೂರ್ತಿ ಮಲಯಾಳದಲ್ಲಿ ನಡೆದರೆ ನಮ್ಮವರು ತಲೆ ಆಡಿಸಿ ಮನೆಗೆ ಹೋಗುತ್ತಾರೆ, ಮುಂದಿನ ಮೀಟಿಂಗಿಗೆ ಬರುವುದಿಲ್ಲ. ಗೋಡೌನಿನವರನ್ನು ಕರೆಯುವ ಯೋಚನೆಯೇ ಯಾರಿಗೂ ಬರುವುದಿಲ್ಲ, ಮುಷ್ಕರದ ದಿನ ಅವರನ್ನೇ ಕೌಂಟರಿನಲ್ಲಿ ನಿಲ್ಲಿಸಿದಾಗ ಗೊತ್ತಾಗುತ್ತದೆ. ಪ್ರತಿ ಭಾಷೆಗೂ ಒಬ್ಬರು ಹೇಳಿಕೊಡುವವರು ಇರಲಿ. ಬೇಡಿಕೆ ಪತ್ರ ಕನ್ನಡದಲ್ಲೂ ಮಲಯಾಳದಲ್ಲೂ ಬರೆಯಿರಿ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಪ್ರಕಾರ ನಮ್ಮಂಥ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರ್ಕಾರಿ ಕಚೇರಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಕೌಂಟರಿನಲ್ಲಿ ಮಲಯಾಳದ್ದೇ ಬೇಕು ಅಂದರೆ ಆ ಕಾಪಿಯನ್ನೂ ಕೊಟ್ಟುಬಿಡಿ. ಭಾಷೆಯ ಜಗಳ ಇನ್ನೊಂದು ದಿನ ಮಾಡೋಣ, ಇವತ್ತು ಬಂದದ್ದು ಓಟಿ ವಿಷಯಕ್ಕೆ.

ಮಾಲಕರು ಏನೇನು ಮಾಡುತ್ತಾರೆ ಅಂತ ಮೊದಲೇ ಎಲ್ಲರಿಗೂ ಹೇಳಿಟ್ಟಿರಿ. “ನಾವೆಲ್ಲ ಒಂದೇ ಮನೆಯವರಲ್ವಾ” ಅನ್ನುತ್ತಾರೆ. ಯೂನಿಯನ್ ಅಂದರೆ ನೋಕ್ಕುಕೂಲಿ ಅನ್ನುತ್ತಾರೆ. ಸುಮ್ನೆ ನಿಂತು ನೋಡಿದ್ದಕ್ಕೆ ಕೂಲಿ ವಸೂಲಿ ಮಾಡುವ ಆ ಪದ್ಧತಿಯನ್ನು ಸರ್ಕಾರ 2018ರ ಮೇ 1ರಿಂದ ನಿಷೇಧಿಸಿದೆ, ನಿಮ್ಮ ಸ್ಟೂಲಿಗೂ ಅದಕ್ಕೂ ಸಂಬಂಧ ಇಲ್ಲ. ಮುಂದೆ ಬಂದು ಮಾತಾಡುವವಳಿಗೆ ಫ್ಲೋರ್ ಸೂಪರ್‌ವೈಸರ್ ಅಂತ ಬ್ಯಾಡ್ಜ್ ಕೊಡುತ್ತಾರೆ, ನೀನೀಗ ಕೆಲಸಗಾರಳೇ ಅಲ್ಲ ಅನ್ನಲು. ಹೆದರಬೇಡಿ, ಬ್ಯಾಡ್ಜ್ ಅಲ್ಲ, ಮಾಡುವ ಕೆಲಸ ಏನು ಅಂತ ಕಾನೂನು ನೋಡುತ್ತದೆ. ಬೇರೆ ಊರಿನ ಬ್ರಾಂಚಿಗೆ ವರ್ಗ ಮಾಡಬಹುದು. ಯೂನಿಯನ್ ಸೇರಿದ್ದಕ್ಕೆ ವರ್ಗ ಮಾಡುವುದು, ತೆಗೆಯುವುದು ಕಾನೂನಿನ ಪ್ರಕಾರ ತಪ್ಪು, ಆದರೆ ಅದನ್ನು ತೋರಿಸಿಕೊಡಲು ತಾರೀಕು ಸಮೇತ ಬರೆದಿಟ್ಟದ್ದು ಬೇಕು. ಪುಸ್ತಕ ಯಾಕೆ ಅಂತ ಈಗ ಗೊತ್ತಾಯ್ತಲ್ವಾ?

ರಿಜಿಸ್ಟ್ರೇಷನ್ ಕಷ್ಟದ್ದಲ್ಲ. 2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು 1926ರ ಟ್ರೇಡ್ ಯೂನಿಯನ್ ಕಾಯ್ದೆ ಹೋಯಿತು, ಆದರೆ ಲೆಕ್ಕ ಅದೇ: ಕಡಿಮೆ ಅಂದರೆ 7 ಜನ, ಮತ್ತೆ ಕೆಲಸಗಾರರಲ್ಲಿ ಶೇ. 10 ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಸದಸ್ಯರು. ಈಗಾಗಲೇ ಇರುವ ಯೂನಿಯನ್ನಿಗೆ ಸೇರಿದರೆ ಇದೂ ಬೇಡ. ಒಂದು ಕಡೆ ಎರಡು ಮೂರು ಯೂನಿಯನ್ ಇದ್ದರೆ ಶೇ. 51 ಜನರ ಬೆಂಬಲ ಇರುವವರಿಗೆ ಮಾಲಕರ ಜೊತೆ ಮಾತುಕತೆಯ ಹಕ್ಕು. ಪಕ್ಷ ನೋಡಿ ಒಡೆದು ಹೋದರೆ ಯಾರಿಗೂ ಆ ಲೆಕ್ಕ ತುಂಬುವುದಿಲ್ಲ.

ಮುಷ್ಕರದ ವಿಷಯ ಜಾಗ್ರತೆ. ನೋಟಿಸು ಕೊಟ್ಟು 14 ದಿನ ಕಾಯಬೇಕು. ಲೇಬರ್ ಆಫೀಸರ ಎದುರು ರಾಜಿ ಮಾತುಕತೆ ನಡೆಯುವಾಗ ಮಾಡುವ ಹಾಗಿಲ್ಲ. “ಮುಷ್ಕರ ಬೇಡ, ಎಲ್ಲರೂ ಒಂದೇ ದಿನ ರಜೆ ಹಾಕೋಣ” ಅನ್ನುವ ಬುದ್ಧಿವಂತರು ಎಲ್ಲ ಕಡೆ ಇರುತ್ತಾರೆ. ಅರ್ಧದಷ್ಟು ಜನ ಮಾತಾಡಿಕೊಂಡು ರಜೆ ಹಾಕಿದರೆ ಹೊಸ ಕಾನೂನಿನಲ್ಲಿ ಅದೂ ಮುಷ್ಕರವೇ.

ರಾಜಿ ಮಾತುಕತೆಗೆ ಲೀಡರನ್ನು ಮಾತ್ರ ಕಳಿಸಬೇಡಿ. ಅಂಗಡಿಯವರೇ ಇಬ್ಬರು ಜೊತೆಗೆ ಹೋಗಲಿ, ಒಬ್ಬರಿಗೆ ಸಂಬಳದ ಲೆಕ್ಕ ಬಾಯಿಪಾಠ ಇರಲಿ. ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿ ಹಾಕಬೇಡಿ, ಓದಿ ಹೇಳಿಸಿಕೊಳ್ಳಿ, ತಡವಾದರೆ ಆಗಲಿ.

ಮನೆಯಲ್ಲಿ ಬೀಡಿ ಕಟ್ಟುವ ಅಕ್ಕಂದಿರು ನಮಗೆ ಇದೆಲ್ಲ ಆಗುತ್ತದಾ ಅಂತ ಕೇಳುವುದುಂಟು. ಆಗುತ್ತದೆ. ಮನೆಯಲ್ಲಿ ಕಟ್ಟಿದರೂ ಕೆಲಸಗಾರರೇ ಅಂತ 1966ರ ಬೀಡಿ ಕಾಯ್ದೆ ಹೇಳಿತ್ತು. ಅವರಿಗೂ ಪಿಎಫ್ ಇದೆ ಅಂತ 1985ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ನಿಮಗೆ ಬಸ್ಸು, ಟ್ರೈನು ಬೇಡ, ಬೀಡಿ ಕೊಡಲು ಬ್ರಾಂಚಿನಲ್ಲಿ ಸಾಲು ನಿಲ್ಲುವ ಹೊತ್ತೇ ಸಾಕು. ಕಂತ್ರಾಟುದಾರರು ಪುಸ್ತಕದಲ್ಲಿ ಬರೆದ ಲೆಕ್ಕವನ್ನು ಅಲ್ಲೇ ನೋಡಿ, ಪಕ್ಕದವರದ್ದನ್ನೂ ನೋಡಿ.

ಕೊನೆಗೆ ದುಡ್ಡು. ಚಂದಾ ಎಷ್ಟೇ ಇರಲಿ, ರಶೀದಿ ಇಲ್ಲದೆ ಕೊಡಬೇಡಿ, ತೆಗೆದುಕೊಳ್ಳಲೂ ಬೇಡಿ. ವರ್ಷಕ್ಕೊಮ್ಮೆ ಲೆಕ್ಕ ಎಲ್ಲರೆದುರು ಓದಲಿ. ಲೆಕ್ಕ ಕೇಳಿದ್ದಕ್ಕೆ ಮುಖ ದಪ್ಪ ಮಾಡುವ ಖಜಾಂಚಿ ಇದ್ದರೆ ಮುಂದಿನ ಮಹಾಸಭೆಯಲ್ಲಿ ಬೇರೆಯವರನ್ನು ಕೂರಿಸಿ.