ಕರೆಂಟ್ ಹೋದರೂ ಅಮ್ಮನ ಮಿಷನ್ ನಿಲ್ಲಬಾರದು

ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಟಾರ್ ರಸ್ತೆ ಬಿಟ್ಟು ಮೂರು ಕಿಲೋಮೀಟರ್ ಒಳಗೆ. ಕರೆಂಟ್ ಲೈನ್ ಕಾಡಿನ ನಡುವೆಯೇ ಬರಬೇಕು. ಜೂನ್‌ನಲ್ಲಿ ಮಳೆ ಹಿಡಿದರೆ ಎಲ್ಲೋ ಒಂದು ಮರ ತಂತಿ ಮೇಲೆ ಬಿದ್ದೇ ಬೀಳುತ್ತದೆ. ಲೈನ್‌ಮನ್ ಪಾಪ, ಅದೇ ಮಳೆಯಲ್ಲಿ ಕಂಬ ಹತ್ತಬೇಕು. ಒಂದು ದಿನ, ಎರಡು ದಿನ ಕರೆಂಟ್ ಇಲ್ಲ ಅನ್ನುವುದು ನಮ್ಮ ಕಡೆ ಯಾರೂ ಮಾತಾಡುವ ವಿಷಯವೇ ಅಲ್ಲ. ಅಮ್ಮನಿಗೆ ಆಕ್ಸಿಜನ್ ಕಾನ್ಸಂಟ್ರೇಟರ್, ಅಂದರೆ ಗಾಳಿಯಿಂದಲೇ ಆಕ್ಸಿಜನ್ ತೆಗೆದುಕೊಡುವ ಕರೆಂಟಿನ ಮಿಷನ್, ಬಂದ ಮೇಲೆ ಮಾತ್ರ ನನಗೆ ಮೋಡ ಕಂಡರೆ ಹೆದರಿಕೆ ಶುರುವಾಯಿತು.

ಅಮ್ಮ ಬೀಡಿ ಸೇದಿದವಳಲ್ಲ. ನಲವತ್ತು ವರ್ಷ ಅಡುಗೆ ಒಲೆ, ಬಚ್ಚಲೊಲೆ ಎರಡರ ಹೊಗೆಯನ್ನೂ ಕುಡಿದವಳು. ಸಿಒಪಿಡಿ ಅಂದರು ಡಾಕ್ಟರು, ಉಸಿರಿನ ದಾರಿ ಕಿರಿದಾಗಿ ಹೋಗುವ ಶ್ವಾಸಕೋಶದ ಕಾಯಿಲೆ. ನಿಮಿಷಕ್ಕೆ 2 ಲೀಟರಿನ ಹಾಗೆ ದಿನಕ್ಕೆ 15 ಗಂಟೆಯಾದರೂ ಆಕ್ಸಿಜನ್ ಕೊಡಬೇಕು ಅಂತ ಬರೆದುಕೊಟ್ಟರು. ನಿಮಿಷಕ್ಕೆ 5 ಲೀಟರಿನವರೆಗೆ ಕೊಡುವ ಮಿಷನ್ ತಂದೆವು. ನಾನು ವೈರಿಂಗ್ ಕೆಲಸ ಮಾಡುವವನು. ಊರಿನ ಎಷ್ಟೋ ಮನೆಗೆ ಯುಪಿಎಸ್ ಕೂರಿಸಿದ್ದೇನೆ. ನಮ್ಮ ಮನೆಯಲ್ಲೂ ಹಳೆಯದೊಂದು ಇತ್ತಲ್ಲ, ಸಾಕು ಅಂದುಕೊಂಡೆ.

ಆ ಹಳೆಯದು ಸ್ಕ್ವೇರ್ ವೇವ್, ಅಂದರೆ ಕರೆಂಟಿನ ಅಲೆ ಲೈನಿನದರಂತೆ ನಯವಾಗಿರದೆ ಚೌಕವಾಗಿ ಬರುವಂಥದ್ದು. ಅದಕ್ಕೊಂದು 150 ಎಎಚ್ (ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಹಿಡಿಯುತ್ತದೆ ಅನ್ನುವ ಅಳತೆ) ಬ್ಯಾಟರಿ. ಬಲ್ಬು, ಫ್ಯಾನಿಗೆ ಏನೂ ತೊಂದರೆ ಇರಲಿಲ್ಲ. ಕಾನ್ಸಂಟ್ರೇಟರ್ ಒಳಗಿರುವುದು ಕಂಪ್ರೆಸರ್. ಅದು ಕೋಣೆಯ ಗಾಳಿಯನ್ನೇ ಎಳೆದು ಜಿಯೋಲೈಟ್ ಹರಳಿನ ಡಬ್ಬಿಯೊಳಗೆ ಒತ್ತುತ್ತದೆ. ಹರಳು ಸಾರಜನಕವನ್ನು ಹಿಡಿದುಕೊಳ್ಳುತ್ತದೆ, ಹೆಚ್ಚುಕಡಿಮೆ 93 ಪರ್ಸೆಂಟ್ ಆಕ್ಸಿಜನ್ ಆಚೆ ಬರುತ್ತದೆ. ಅಂದರೆ ಇಡೀ ಮಿಷನ್ ನಿಂತಿರುವುದು ಆ ಒಂದು ಮೋಟರಿನ ಮೇಲೆ. ಸ್ಕ್ವೇರ್ ವೇವ್ ಕರೆಂಟ್ ಕೊಟ್ಟರೆ ಮೋಟರ್ ಗುಂಯ್ ಅನ್ನುತ್ತದೆ, ಬಿಸಿಯಾಗುತ್ತದೆ. ಮೊದಲ ಸಲ ರಾತ್ರಿ ಕರೆಂಟ್ ಹೋದಾಗ ಅರ್ಧ ಗಂಟೆ ಬಿಟ್ಟು ಅಮ್ಮ ಮಿಷನ್ ಮೇಲೆ ಕೈಯಿಟ್ಟು ನೋಡಿದಳು. "ಎಂತ ಮಾರಾಯ, ಈ ಪೆಟ್ಟಿಗೆಗೂ ಜ್ವರ ಬಂದಂಗಿದ್ಯಲ್ಲ!" ಅಂದಳು. ಮರುದಿನವೇ ಲೈನಿನ ಕರೆಂಟಿನಂತೆ ನಯವಾದ ಅಲೆ ಕೊಡುವ ಸೈನ್ ವೇವ್ ಯುಪಿಎಸ್ ಹುಡುಕಲು ಹೊರಟೆ.

ಅಂಗಡಿಯವರು ಆನ್‌ಲೈನ್ ಯುಪಿಎಸ್ಸೇ ತಗೊಳ್ಳಿ ಅಂದರು. ಅದರಲ್ಲಿ ಬರುವ ಕರೆಂಟನ್ನೆಲ್ಲ ಡಿಸಿ ಮಾಡಿ, ಮತ್ತೆ ಎಸಿ ಮಾಡಿಯೇ ಕೊಡುವುದು. ಮೇನ್, ಅಂದರೆ ಹೊರಗಿನ ಲೈನಿನ ಕರೆಂಟ್, ಹೋದರೂ ಒಂದು ಮಿಲಿಸೆಕೆಂಡೂ ತಪ್ಪುವುದಿಲ್ಲ. ಸರ್ವರ್ ರೂಮಿಗೆ, ಐಸಿಯುಗೆ ಅದೇ ಸರಿ. ಮನೆಗೆ ತಂದರೆ ಕರೆಂಟ್ ಇರುವಾಗಲೂ ಫ್ಯಾನ್ ಸದ್ದು ಮಾಡುತ್ತಲೇ ಇರುತ್ತದೆ, ಸುಮ್ನೆ ಒಂದಷ್ಟು ಕರೆಂಟ್ ಬಿಸಿಯಾಗಿ ಹೋಗುತ್ತದೆ, ದುಡ್ಡೂ ಜಾಸ್ತಿ. ಅಮ್ಮನ ಮಿಷನ್ನಿಗೆ ಅಷ್ಟು ಬೇಡ. ಹತ್ತು-ಹದಿನೈದು ಮಿಲಿಸೆಕೆಂಡ್ ತಪ್ಪಿದರೆ ಕಂಪ್ರೆಸರ್ ತಿರುಗಿದ ರಭಸದಲ್ಲೇ ದಾಟಿಬಿಡುತ್ತದೆ. ಮನೆಗೆ ಹಾಕುವ ಸಾಮಾನ್ಯ ಸೈನ್ ವೇವ್ ಯುಪಿಎಸ್ಸೇ ಸಾಕು. 24 ವೋಲ್ಟಿನದು ತಗೊಂಡೆ, 12 ವೋಲ್ಟಿನ 150 ಎಎಚ್ ಟ್ಯೂಬುಲರ್ ಬ್ಯಾಟರಿ ಎರಡು, ಒಂದರ ಹಿಂದೊಂದು ಜೋಡಿಸಿದ್ದು. 12 ವೋಲ್ಟಿನಲ್ಲಿ ಈ ಲೋಡಿಗೆ 30 ಆಂಪಿಯರ್ ಮೇಲೆ ಎಳೆಯುತ್ತದೆ, 24ರಲ್ಲಿ ಅದರ ಅರ್ಧ. ವೈರೂ ಬಿಸಿಯಾಗಲ್ಲ, ಬ್ಯಾಟರಿಗೂ ನಿರಾಳ.

ಇಷ್ಟಾದ ಮೇಲೆ ಒಂದು ವಿಚಿತ್ರ ನಡೆಯಿತು. ಬೇಸಿಗೆಯ ಸಂಜೆ, ಕರೆಂಟ್ ಇದೆ, ದೀಪ ಉರಿಯುತ್ತಿದೆ. ಆದರೂ ಯುಪಿಎಸ್ ಬ್ಯಾಟರಿಯಲ್ಲಿ ಓಡುತ್ತಿದೆ! ಒಂಬತ್ತು ಗಂಟೆ ಹೊತ್ತಿಗೆ ಬ್ಯಾಟರಿ ಅರ್ಧ ಖಾಲಿ. ಮೀಟರ್ ಹಿಡಿದು ನೋಡಿದರೆ ಮೇನ್‌ನಲ್ಲಿ 168 ವೋಲ್ಟ್. ತೋಟದ ಪಂಪುಗಳೆಲ್ಲ ಓಡುವ ಹೊತ್ತು ಅದು. ಯುಪಿಎಸ್ ಹಿಂದುಗಡೆ ಒಂದು ಸಣ್ಣ ಸ್ವಿಚ್ ಇರುತ್ತದೆ, ಬಹಳ ಜನ ಅದನ್ನು ನೋಡಿಯೇ ಇರಲ್ಲ. ಒಂದು ಕಡೆ ಹಾಕಿದರೆ ಯುಪಿಎಸ್ ಮೋಡ್. ಮೇನ್ 180 ವೋಲ್ಟಿಗಿಂತ ಕೆಳಗೆ ಅಥವಾ 260ರ ಆಸುಪಾಸಿಗಿಂತ ಮೇಲೆ ಹೋದರೆ ತಕ್ಷಣ ಬ್ಯಾಟರಿಗೆ ಹಾರುತ್ತದೆ. ಇನ್ನೊಂದು ಕಡೆ ಹಾಕಿದರೆ 100ರಷ್ಟು ಕಡಿಮೆ ಇದ್ದರೂ ಮೇನನ್ನೇ ಹಾಗೇ ಬಿಡುತ್ತದೆ, ಬದಲಾಗುವುದೂ ನಿಧಾನ. ನಾನು ಈ ಎರಡನೆಯದಕ್ಕೆ ಹಾಕಿ ನೋಡಿದೆ. ಕರೆಂಟ್ ಹೋದಾಗೆಲ್ಲ ಮಿಷನ್ ಒಮ್ಮೆ ನಿಂತು, ಕೂಗಿ, ಮತ್ತೆ ಶುರುವಾಗುತ್ತಿತ್ತು. ಅದೂ ಅಲ್ಲದೆ 150 ವೋಲ್ಟನ್ನು ಕಂಪ್ರೆಸರಿಗೆ ಕುಡಿಸುವುದು ಕೊಂದ ಹಾಗೆಯೇ.

ಕೊನೆಗೆ ಯುಪಿಎಸ್ಸಿನ ಮುಂದೆ ಒಂದು ಸ್ಟೆಬಿಲೈಜರ್ ಹಾಕಿದೆ, ಸ್ವಿಚ್ಚನ್ನು ಯುಪಿಎಸ್ ಮೋಡಿಗೇ ಇಟ್ಟೆ. 168 ಬಂದರೂ ಸ್ಟೆಬಿಲೈಜರ್ 200ರ ಮೇಲೆ ಮಾಡಿ ಕೊಡುತ್ತದೆ, ಯುಪಿಎಸ್ ಸುಮ್ಮನಿರುತ್ತದೆ. ಬ್ಯಾಟರಿ ನಿಜವಾಗಿ ಕರೆಂಟ್ ಹೋದಾಗಿನ ಕೆಲಸಕ್ಕೆ ಉಳಿಯಿತು.

ಇನ್ನು ಲೈನ್. ಸಾಮಾನ್ಯವಾಗಿ ಇಡೀ ಮನೆಯ ದೀಪ, ಫ್ಯಾನು, ಟಿವಿ ಎಲ್ಲ ಯುಪಿಎಸ್ಸಿಗೆ ಸೇರಿಸುತ್ತೇವೆ. ಗಿರಾಕಿಗೂ ಅದೇ ಖುಷಿ. ನಮ್ಮ ಮನೆಯಲ್ಲಿ ನಾನೇ ಹಾಕಿದ್ದ ಆ ಲೈನೆಲ್ಲ ಕಿತ್ತೆ. ಹೊಸ ಯುಪಿಎಸ್ಸಿನಿಂದ ಒಂದೇ ಲೈನ್, ಅಮ್ಮನ ಕೋಣೆಗೆ. ಅಲ್ಲಿ ಮಿಷನ್ನಿನ ಸಾಕೆಟ್ ಒಂದು, 5 ವ್ಯಾಟಿನ ಬಲ್ಬ್ ಒಂದು. ಉಳಿದ ಮನೆಗೆ ಹಳೇ ಯುಪಿಎಸ್. ತಂಗಿಯ ಮಗ ರಜೆಗೆ ಬಂದವನು ಆ ಸಾಕೆಟ್ಟಿಗೆ ಇಸ್ತ್ರಿ ಪೆಟ್ಟಿಗೆ ಚುಚ್ಚಿದ ಮೇಲೆ ಸಾಕೆಟ್ಟನ್ನೇ ತೆಗೆದು ಮಿಷನ್ನಿನ ವೈರನ್ನು ಕನೆಕ್ಟರ್ ಡಬ್ಬಿಯೊಳಗೆ ಕೂರಿಸಿದೆ. ಮಕ್ಕಳಿಗೆ ಹೇಳಿ ಪ್ರಯೋಜನವಿಲ್ಲ.

ಬ್ಯಾಕಪ್ ಎಷ್ಟು ಗಂಟೆ ಬರುತ್ತದೆ ಅನ್ನುವುದನ್ನು ಕಾಗದದ ಮೇಲೆ ನಂಬಬೇಡಿ. 150 ಎಎಚ್, 24 ವೋಲ್ಟ್, ಗುಣಿಸಿದರೆ 3600 ವ್ಯಾಟ್-ಅವರ್. ಮಿಷನ್ ಎಳೆಯುವುದು ಮೀಟರಿನಲ್ಲಿ 320 ವ್ಯಾಟ್. ಭಾಗಿಸಿದರೆ 11 ಗಂಟೆ. ಆದರೆ ಆ 150 ಎಎಚ್ ಅನ್ನುವುದು 20 ಗಂಟೆ ನಿಧಾನವಾಗಿ, 7.5 ಆಂಪಿಯರಿನಂತೆ ಎಳೆದರೆ ಸಿಗುವ ಲೆಕ್ಕ. ಜೋರಾಗಿ ಎಳೆದಷ್ಟೂ ಒಟ್ಟು ಸಿಗುವುದೇ ಕಡಿಮೆ. ಯುಪಿಎಸ್ಸೂ ತನ್ನ ಪಾಲು ತಿನ್ನುತ್ತದೆ. ಒಂದು ಭಾನುವಾರ ಅಮ್ಮ ಅಂಗಳದಲ್ಲಿ ಬಿಸಿಲಿಗೆ ಕೂತಿದ್ದಾಗ ಮೇನ್ ಸ್ವಿಚ್ (ಎಂಸಿಬಿ) ಇಳಿಸಿ, ಮಿಷನ್ನನ್ನು ಖಾಲಿ ಓಡಲು ಬಿಟ್ಟು ಗಡಿಯಾರ ನೋಡಿದೆ. ಏಳೂವರೆ ಗಂಟೆ ಓಡಿ ಲೋ ಬ್ಯಾಟರಿ ಅಂತ ಕೂಗಿತು. ಆ ಏಳೂವರೆಯೇ ನನ್ನ ಲೆಕ್ಕ. ವರ್ಷಕ್ಕೆ ಎರಡು ಸಲ, ಮಳೆಗೆ ಮುಂಚೆ ಮೇ ತಿಂಗಳಲ್ಲಿ ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ, ಹೀಗೇ ಓಡಿಸಿ ಕ್ಯಾಲೆಂಡರಿನ ಹಿಂದೆ ಬರೆದಿಡುತ್ತೇನೆ.

ಎರಡನೇ ವರ್ಷದ ಮೇ ತಿಂಗಳಲ್ಲಿ ಐದೇ ಗಂಟೆ ಓಡಿ ಕೂಗಿತು. ಬ್ಯಾಟರಿ ಹೋಯಿತು ಅಂತಲೇ ಅಂದುಕೊಂಡೆ. ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಹಾಕಿದರೆ ಎರಡು ಬ್ಯಾಟರಿಯ ಹನ್ನೆರಡು ಸೆಲ್ಲೂ ಒಂದೇ ತರ ಇವೆ, ತುಸು ಕೆಳಗಷ್ಟೇ. ಲೋಡ್ ಓಡುತ್ತಿರುವಾಗಲೇ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಸೀಸದ ಗೂಟಕ್ಕೆ, ಇನ್ನೊಂದನ್ನು ಅದಕ್ಕೆ ಬಿಗಿದ ಕ್ಲಾಂಪಿಗೆ ಒತ್ತಿದೆ. ಎರಡೂ ಒಂದನ್ನೊಂದು ಮುಟ್ಟಿಕೊಂಡೇ ಇವೆ, ಅಲ್ಲಿ ಸೊನ್ನೆ ಬರಬೇಕು. 0.6 ವೋಲ್ಟ್ ತೋರಿಸಿತು. ಬಿಚ್ಚಿದರೆ ಒಳಗೆ ಬಿಳಿ-ಹಸಿರು ಪುಡಿ. ನಮ್ಮ ಕಡೆಯ ತೇವಕ್ಕೆ ಕೇಳಬೇಕಾ! ಓಡುವಾಗ ಆ 0.6 ಕಳೆದುಹೋಗಿ ಯುಪಿಎಸ್ಸಿಗೆ ಬ್ಯಾಟರಿ ಬೇಗ ಖಾಲಿಯಾದ ಹಾಗೆ ಕಾಣುತ್ತಿತ್ತು. ಚಾರ್ಜ್ ಆಗುವಾಗ ಅದೇ 0.6 ಸೇರಿಕೊಂಡು ಬೇಗ ತುಂಬಿದ ಹಾಗೆ ಕಾಣುತ್ತಿತ್ತು. ಎರಡು ಕಡೆಯಿಂದಲೂ ಮೋಸ. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದು, ಮರಳು ಕಾಗದದಲ್ಲಿ ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನ್ ಬಳಿದೆ. ಮುಂದಿನ ವಾರ ಏಳು ಗಂಟೆ ಓಡಿತು. ಹತ್ತು ರೂಪಾಯಿಯ ಕೆಲಸಕ್ಕೆ ಎರಡು ಬ್ಯಾಟರಿ ಕೊಳ್ಳಲು ಹೊರಟಿದ್ದೆ.

ಬ್ಯಾಟರಿಗೆ ಹಾಕುವ ನೀರು ಡಿಸ್ಟಿಲ್ಡೇ ಆಗಬೇಕು. ಹೆಂಚಿನ ಮೇಲಿಂದ ಬಂದ ಮಳೆ ನೀರು ಶುದ್ಧ ಅಂತ ಪಕ್ಕದ ಮನೆಯವರು ಹಾಕಿ ಬ್ಯಾಟರಿ ಹಾಳು ಮಾಡಿಕೊಂಡಿದ್ದಾರೆ.

ಇಷ್ಟೆಲ್ಲ ಮಾಡಿಯೂ ಆಗಸ್ಟಿನ ಒಂದು ಗಾಳಿಮಳೆಯಲ್ಲಿ ಸಿಕ್ಕಿಬಿದ್ದೆ. ಏಳು ಗಂಟೆ ಬ್ಯಾಟರಿ ಓಡಿ ಖಾಲಿಯಾಗುವ ಹೊತ್ತಿಗೆ ಕರೆಂಟ್ ಬಂತು. ಅಬ್ಬಾ ಅಂದುಕೊಂಡೆ. ಮೂರು ಗಂಟೆ ಇದ್ದು ಮತ್ತೆ ಹೋಯಿತು. ಚಾರ್ಜರ್ ಕೊಡುವುದು 12 ಆಂಪಿಯರ್, ಮೂರು ಗಂಟೆಗೆ 36 ಎಎಚ್. ಅದರಲ್ಲೂ ಸ್ವಲ್ಪ ಸೋರಿಹೋಗುತ್ತದೆ. ಆ ಸಲ ಮಿಷನ್ ಓಡಿದ್ದು ಎರಡು ಗಂಟೆಯೂ ಇಲ್ಲ. ಖಾಲಿಯಾದ ಬ್ಯಾಟರಿ ಪೂರ್ತಿ ತುಂಬಲು ಹನ್ನೆರಡು ಗಂಟೆ ಮೇಲೆ ಬೇಕು. ಮೊದಲ ರಾತ್ರಿ ಹೇಗೋ ದಾಟಬಹುದು, ಸಿಕ್ಕಿಹಾಕಿಕೊಳ್ಳುವುದು ಎರಡನೇ ರಾತ್ರಿ.

ಅವತ್ತು ಕೈ ಹಿಡಿದಿದ್ದು ಬಿ ಟೈಪ್ ಆಕ್ಸಿಜನ್ ಸಿಲಿಂಡರ್. ಅದರಲ್ಲಿ 1500 ಲೀಟರ್ ಇರುತ್ತದೆ, ನಿಮಿಷಕ್ಕೆ 2 ಅಂದರೆ ಹನ್ನೆರಡು ಗಂಟೆಗೆ ಮೋಸವಿಲ್ಲ. ಆದರೆ ಕತ್ತಲಲ್ಲಿ ಅದರ ವಾಲ್ವ್ ತಿರುಗಿಸುವ ಕೀಲಿ ಹುಡುಕಲು ನನಗೆ ಹತ್ತು ನಿಮಿಷ ಹಿಡಿಯಿತು. ಅಮ್ಮ ಮಂಚದ ಮೇಲೆ ಮುಂದಕ್ಕೆ ಬಾಗಿ ಕೂತು, ಬಾಯಲ್ಲಿ ಉಸಿರು ಬಿಡುತ್ತಾ, ಕೈಸನ್ನೆಯಲ್ಲೇ "ಗಾಬರಿ ಮಾಡ್ಕೋಬೇಡ" ಅನ್ನುತ್ತಿದ್ದಳು. ಈಗ ಕೀಲಿಯನ್ನು ಸಿಲಿಂಡರಿನ ಕುತ್ತಿಗೆಗೇ ಹಗ್ಗದಲ್ಲಿ ಕಟ್ಟಿದ್ದೇನೆ. ರೆಗ್ಯುಲೇಟರ್ ಕೂರಿಸಿಯೇ ಇರುತ್ತದೆ. ಆಕ್ಸಿಜನ್ ಇರುವಲ್ಲಿ ಬೆಂಕಿ ಬೇಡ, ದೇವರ ದೀಪ, ಬಚ್ಚಲೊಲೆ ಎರಡೂ ಆ ಕೋಣೆಯಿಂದ ದೂರ.

ಮರುದಿನ ಪಕ್ಕದ ತೋಟದವರ ಪೆಟ್ರೋಲ್ ಜನರೇಟರ್ ತಂದೆ. ಯುಪಿಎಸ್ ಅದರ ಕರೆಂಟನ್ನು ಮುಟ್ಟಲೇ ಇಲ್ಲ. ಸಣ್ಣ ಜನರೇಟರಿನ ವೋಲ್ಟೇಜೂ ಕುಣಿಯುತ್ತದೆ, 50 ಹರ್ಟ್ಸೂ ಕುಣಿಯುತ್ತದೆ. ಯುಪಿಎಸ್ ಮೋಡಿನಲ್ಲಿ ಅದನ್ನು ಕೆಟ್ಟ ಕರೆಂಟ್ ಅಂತ ತಳ್ಳಿಬಿಟ್ಟಿತು. ಹಿಂದಿನ ಆ ಸ್ವಿಚ್ಚನ್ನು ಇನ್ನೊಂದು ಕಡೆಗೆ ಹಾಕಿದ ಮೇಲೆ ಒಪ್ಪಿಕೊಂಡಿತು. ಜನರೇಟರ್ ಇಟ್ಟುಕೊಂಡವರು ಇದನ್ನು ಮಳೆಗೆ ಮುಂಚೆ ಒಮ್ಮೆ ಹಾಕಿ ನೋಡಿಬಿಡಿ, ರಾತ್ರಿ ಎರಡು ಗಂಟೆಗೆ ಅಲ್ಲ.

ಈ ಬ್ಯಾಟರಿಗಳಿಗೆ ಈಗ ನಾಲ್ಕು ವರ್ಷ. ಮೇ ತಿಂಗಳ ಲೆಕ್ಕ ಐದೂವರೆಗೆ ಬಂದಿದೆ, ಟರ್ಮಿನಲ್ ಶುಚಿಯಾಗಿಯೇ ಇದೆ. ಒಂದನ್ನು ಮಾತ್ರ ಬದಲಿಸಿದರೆ ಹಳೆಯದು ಹೊಸದನ್ನೂ ಕೆಡಿಸುತ್ತದೆ, ಬದಲಿಸಿದರೆ ಎರಡನ್ನೂ ಬದಲಿಸಬೇಕು. ಲಿಥಿಯಂ ಹಾಕಿದರೆ ಬೇಗ ತುಂಬುತ್ತದೆ, ಎರಡನೇ ರಾತ್ರಿಯ ಚಿಂತೆ ಅರ್ಧ ಕಡಿಮೆಯಾಗುತ್ತದೆ. ಆದರೆ ಅದಕ್ಕೆ ಚಾರ್ಜರ್ ಹೊಂದುವ ಯುಪಿಎಸ್ಸೂ ಬೇಕು. ಶಿವಮೊಗ್ಗದಲ್ಲಿ ರೇಟು ಕೇಳಿ ಬಂದಿದ್ದೇನೆ. ಅಮ್ಮನಿಗೆ ಎಷ್ಟು ಅಂತ ಇನ್ನೂ ಹೇಳಿಲ್ಲ.