ಬಾನೆಟ್ ಉಜ್ಜುವುದಕ್ಕಿಂತ ಬಟ್ಟೆ ಹುಡುಕುವುದಕ್ಕೇ ಹೊತ್ತು ಜಾಸ್ತಿ

ದಾವಣಗೆರೆಯ ಹದಡಿ ರಸ್ತೆ ಕಡೆ ನಮ್ಮದೊಂದು ಸಣ್ಣ ಕಾರ್ ಡೀಟೇಲಿಂಗ್ ಶೆಡ್ಡು ಇದೆ. ಡೀಟೇಲಿಂಗ್ ಅಂದರೆ ಗಾಡಿಯನ್ನು ಒಳಗೂ ಹೊರಗೂ ಪೂರ್ತಿ ಶುಚಿ ಮಾಡಿ ಹೊಳಪು ಕೊಡುವುದು. ನಾನು, ಜೊತೆಗೆ ಇಬ್ಬರು ಹುಡುಗರು. ಶುರುವಾದದ್ದು ವಾಟರ್ ಸರ್ವಿಸ್ ಅಂತ. ಆಮೇಲೆ ಪಾಲಿಶಿಂಗ್ ಬಂತು, ಪೇಂಟಿನ ರಕ್ಷಣೆಗೆ ಹಚ್ಚುವ ಸೆರಾಮಿಕ್ ಕೋಟಿಂಗ್ ಬಂತು. ವಾಟರ್ ಸರ್ವಿಸ್‌ನಲ್ಲಿ ಗಾಡಿ ಬಂತು, ನೀರು ಹೊಡೆದೆವು, ಹೋಯಿತು. ಡೀಟೇಲಿಂಗ್ ಹಾಗಲ್ಲ. ಒಂದೇ ಗಾಡಿ ಬೆಳಿಗ್ಗೆಯಿಂದ ಸಂಜೆವರೆಗೆ ಜಾಗ ಹಿಡಿದು ನಿಂತಿರುತ್ತದೆ. ಆರು ಗಂಟೆಗೆ ಕೊಡ್ತೀನಿ ಅಂದ ಗಾಡಿ ಎಂಟಾದರೂ ಮುಗಿದಿಲ್ಲ ಅಂದರೆ, ಆ ದಿನದ ಲಾಭವೂ ಹೋಯಿತು, ಗಿರಾಕಿಯ ಹತ್ತಿರ ಮಾತೂ ಹೋಯಿತು.

ಈ ಕೆಲಸಕ್ಕೆ ಹೊಸದಾಗಿ ಇಳಿದವರು ಕೇಳುವುದು ಒಂದೇ, "ಅಣ್ಣಾ, ಬೇಗ ಮುಗಿಸೋದು ಹೆಂಗೆ?" ಅವರ ತಲೆಯಲ್ಲಿರುವುದು ಜೋರು ಮೆಷಿನ್ನು, ಸ್ಟ್ರಾಂಗ್ ಕೆಮಿಕಲ್ಲು. ನನಗೆ ಅದರಿಂದ ಹೊತ್ತು ಉಳಿಯಲಿಲ್ಲ. ಓಡಾಡುವುದು, ಹುಡುಕುವುದು, ಕಾಯುವುದು, ಮಾಡಿದ್ದನ್ನೇ ಇನ್ನೊಮ್ಮೆ ಮಾಡುವುದು ಕಡಿಮೆಯಾದಾಗ ಉಳಿಯಿತು. ಇದು ಗೊತ್ತಾದದ್ದೂ ಸುಲಭದ ಉಪಾಯದಿಂದ. ಒಂದು ದಿನ ಫೋನನ್ನು ಶೆಲ್ಫ್ ಮೇಲೆ ನಿಲ್ಲಿಸಿ ನಮ್ಮ ಕೆಲಸದ ವಿಡಿಯೋ ಮಾಡಿಕೊಂಡೆ. ರಾತ್ರಿ ಮೂವರೂ ಕೂತು ಓಡಿಸಿ ನೋಡಿ ಬಿದ್ದೂ ಬಿದ್ದೂ ನಕ್ಕೆವು. ಹುಡುಗ ಡೋರಿನ ಹತ್ತಿರ ಕೂರುತ್ತಾನೆ, ಬ್ರಷ್‌ಗೆ ಏಳುತ್ತಾನೆ. ಬರುತ್ತಾನೆ, ಸ್ಪ್ರೇ ಬಾಟಲಿ ಖಾಲಿ, ಮತ್ತೆ ಏಳುತ್ತಾನೆ. ಬಟ್ಟೆ ಎಲ್ಲಿಟ್ಟೆ ಅಂತ ನನ್ನನ್ನು ಕೇಳುತ್ತಾನೆ. ಅದು ಅವನ ಹೆಗಲ ಮೇಲೇ ಇದೆ.

ಮಾರನೇ ವಾರ ಗುಜರಿಯಲ್ಲಿ ಒಂದು ಚಕ್ರದ ಟ್ರಾಲಿ ಸಿಕ್ಕಿತು. ಆಸ್ಪತ್ರೆಯಲ್ಲಿ ಔಷಧಿ ತಳ್ಳಿಕೊಂಡು ಬರುತ್ತಾರಲ್ಲ, ಅಂಥದ್ದು. ಮೇಲಿನ ತಟ್ಟೆಯಲ್ಲಿ ಬಾಟಲಿಗಳು, ನಡುವೆ ಬಟ್ಟೆ, ಕೆಳಗೆ ಬ್ರಷ್ಷು ಮತ್ತು ಪ್ಯಾಡು. ಕೆಂಪು ಟೇಪಿನ ಬಾಟಲಿ ಚಕ್ರಕ್ಕೆ, ಹಳದಿ ಒಳಗಡೆಗೆ, ನೀಲಿ ಗ್ಲಾಸಿಗೆ. ಬಟ್ಟೆಗೂ ಅದೇ ಲೆಕ್ಕ. ಚಕ್ರಕ್ಕೆ ಹಾಕಿದ ಬಟ್ಟೆ ಸಾಯುವವರೆಗೂ ಚಕ್ರಕ್ಕೇ. ಎಲ್ಲಾ ಬಾಟಲಿಯನ್ನೂ ಹಿಂದಿನ ರಾತ್ರಿಯೇ ಬೆರೆಸಿ ತುಂಬಿಡುತ್ತೇವೆ. ಆಲ್ ಪರ್ಪಸ್ ಕ್ಲೀನರ್ ಒಳಗಡೆಗೆ ಒಂದಕ್ಕೆ ಹತ್ತು ಪಾಲು ನೀರು, ಟೈರಿಗೆ ಒಂದಕ್ಕೆ ನಾಲ್ಕು. ಬಾಟಲಿಯ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದಿದ್ದೇನೆ, ಅಳತೆಗೆ ಲೋಟ ಹುಡುಕುವ ಹಾಗಿಲ್ಲ. ಅಂದಾಜಿಗೆ ಸುರಿದರೆ ದುಡ್ಡಷ್ಟೇ ಪೋಲಾಗುವುದಿಲ್ಲ. ನೊರೆ ಜಾಸ್ತಿಯಾದಷ್ಟೂ ಅದನ್ನು ಒರೆಸಿ ತೆಗೆಯುವ ಕೆಲಸ ಜಾಸ್ತಿ. ಟ್ರಾಲಿ ಗಾಡಿಯ ಸುತ್ತ ನಮ್ಮ ಜೊತೆಯಲ್ಲೇ ತಿರುಗುತ್ತದೆ. ಕೂತು ಕೆಲಸ ಮಾಡಲು ಚಕ್ರದ ಸ್ಟೂಲ್ ಇದೆ. ಸೊಂಟಕ್ಕೂ ಒಳ್ಳೆಯದು.

ಇನ್ನು ನೀರು. ನಮ್ಮ ಊರಿನಲ್ಲಿ ಈ ಕೆಲಸ ಮಾಡುವವರು ಮೊದಲು ಗಮನ ಕೊಡಬೇಕಾದದ್ದು ಇದಕ್ಕೇ ಅನ್ನುತ್ತೇನೆ. ಶೆಡ್ಡಿನಲ್ಲಿರುವುದು ಬೋರ್‌ವೆಲ್ ನೀರು, ಗಡಸು. ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಅಂತ ತೋರಿಸುವ ಟಿಡಿಎಸ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಪೆನ್ನಿನ ಗಾತ್ರದ್ದು. ಅದ್ದಿ ನೋಡಿದರೆ ಬೋರಿನ ನೀರು ಲೀಟರಿಗೆ ಸಾವಿರ ಮಿಲಿಗ್ರಾಂ ದಾಟುತ್ತದೆ. ಕುಡಿಯುವ ನೀರಿಗೇ 500ರ ಒಳಗಿದ್ದರೆ ಒಳ್ಳೆಯದು ಅಂತ ಸರ್ಕಾರದ ಮಾನದಂಡ ಹೇಳುತ್ತದೆ. ಅಂಥ ನೀರು ಬಿಸಿಲಿಗೆ ಕಾದ ಬಾನೆಟ್ ಮೇಲೆ ಒಣಗಿದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಉಳಿದು ಬಿಳಿ ಚುಕ್ಕೆ ಕೂರುತ್ತದೆ. ಹೊಸದಾದರೆ ನೀರು ಬೆರೆಸಿದ ವಿನೆಗರ್‌ಗೆ ಬಿಡುತ್ತದೆ. ಹಾಗೇ ಬಿಟ್ಟರೆ ಪೇಂಟಿನ ಮೇಲಿನ ಪದರವನ್ನೇ ತಿನ್ನುತ್ತದೆ, ಆಮೇಲೆ ಪಾಲಿಶ್ ಹೊಡೆಯದೆ ಹೋಗುವುದಿಲ್ಲ. ಅಂದರೆ ತೊಳೆದು ತೊಳೆದು ನಾವೇ ನಮಗೆ ಇನ್ನೊಂದು ಕೆಲಸ ಹುಟ್ಟಿಸಿಕೊಳ್ಳುತ್ತೇವೆ.

ಊರಿನ ನಲ್ಲಿ ನೀರು ತುಂಗಭದ್ರೆಯದು, ಅಷ್ಟು ಗಡಸಲ್ಲ. ಆದರೆ ದಿನಾ ಬರುವುದಿಲ್ಲವಲ್ಲ! ಅದಕ್ಕೇ ಒಂದು ಸಿಂಟೆಕ್ಸ್ ಟ್ಯಾಂಕನ್ನು ನಲ್ಲಿ ನೀರಿಗೇ ಅಂತ ಬೇರೆ ಇಟ್ಟಿದ್ದೇನೆ. ಮಣ್ಣು ಇಳಿಸುವ ಮೊದಲ ನೀರು, ಫೋಮ್ (ಶಾಂಪೂ ನೊರೆ) ತೊಳೆಯುವ ನೀರು ಎಲ್ಲಾ ಬೋರಿನದು. ಕೊನೆಯ ಸಲ ಹೊಡೆಯುವುದು ಮಾತ್ರ ನಲ್ಲಿಯದು. ಒಂದು ಗಾಡಿಗೆ ಎರಡು ಬಕೆಟ್ಟೂ ಬೇಕಾಗುವುದಿಲ್ಲ. ಕೊನೆಗೆ ಪ್ರೆಶರ್ ಬೇಡ. ಪೈಪಿನ ಬಾಯಿ ಬಿಚ್ಚಿ ಮೇಲಿಂದ ಸಣ್ಣಗೆ ನೀರು ಬಿಟ್ಟರೆ ಹಾಳೆ ಹಾಳೆಯಾಗಿ ಜಾರಿ ಹೋಗುತ್ತದೆ. ಒರೆಸಲು ಉಳಿಯುವುದು ಕಾಲು ಭಾಗ. ಕನ್ನಡಿ, ಹ್ಯಾಂಡಲ್, ನಂಬರ್ ಪ್ಲೇಟಿನ ಸಂದಿಗಳಿಗೆ ಬ್ಲೋಯರ್. ಇಲ್ಲದಿದ್ದರೆ ಒರೆಸಿ ಮುಗಿಸಿದ ಮೇಲೆ ಕನ್ನಡಿಯ ಸಂದಿಯಿಂದ ಒಂದು ಹನಿ ಇಳಿದು ಡೋರಿನ ಮೇಲೆ ಉದ್ದಕ್ಕೆ ಗೆರೆ ಎಳೆಯುತ್ತದೆ. ಆ ಒಂದು ಹನಿಗೆ ಇಡೀ ಡೋರನ್ನು ಇನ್ನೊಮ್ಮೆ ಒರೆಸಿದ ದಿನಗಳು ಎಷ್ಟೋ.

ಮಾರ್ಚ್‌ನಿಂದ ಮೇವರೆಗೆ ತೊಳೆಯುವ ಕೆಲಸ ಬೆಳಿಗ್ಗೆ ಒಂಬತ್ತರೊಳಗೆ. ಆಮೇಲೆ ಫೋಮು ನಾಲ್ಕು ನಿಮಿಷವೂ ನಿಲ್ಲದೆ ಒಣಗುತ್ತದೆ, ಒಣಗಿದರೆ ಹೊಸ ಕಲೆ.

ತೊಳೆಯುವಾಗ ಚಕ್ರ ಮೊದಲು. ಬಹಳ ಜನ ಕೊನೆಗೆ ಮಾಡುತ್ತಾರೆ, ಬ್ರೇಕಿನ ಕರಿ ಪುಡಿ ಶುದ್ಧವಾದ ಡೋರಿಗೆ ಹಾರುತ್ತದೆ. ನಾನು ಐರನ್ ರಿಮೂವರನ್ನು ನಾಲ್ಕೂ ಚಕ್ರಕ್ಕೆ ಹೊಡೆದು ಬಿಡುತ್ತೇನೆ. ಅದು ಕಬ್ಬಿಣದ ಕಣ ಹಿಡಿದು ನೇರಳೆ ಬಣ್ಣಕ್ಕೆ ತಿರುಗಿ ಇಳಿಯುವಷ್ಟರಲ್ಲಿ ಹುಡುಗ ಟೈರಿನ ಗೋಡೆ ಉಜ್ಜುತ್ತಿರುತ್ತಾನೆ, ಇನ್ನೊಬ್ಬ ಮುಂದಿನ ಬಂಪರಿನ ಹುಳಕ್ಕೆ ಸ್ಪ್ರೇ ಹೊಡೆಯುತ್ತಿರುತ್ತಾನೆ. ಹೈವೇ ಗಾಡಿ ಅಂದರೆ ಹುಳ ಇದ್ದೇ ಇರುತ್ತದೆ. ಕೆಮಿಕಲ್ಲು ತನ್ನ ಕೆಲಸ ಮಾಡುವಾಗ ಕೈ ಕಟ್ಟಿ ನಿಲ್ಲುವುದು ಬೇಡ, ಹಾಗಂತ ಮರೆತು ಚಹಾಕ್ಕೆ ಹೋಗುವುದೂ ಬೇಡ.

ಗಾಡಿ ಎಲ್ಲಿಂದ ಬಂತು ಅನ್ನುವುದನ್ನೂ ಕೇಳುತ್ತೇನೆ. ಜಗಳೂರು ಕಡೆಯ ಎರೆಮಣ್ಣು ಚಕ್ರದ ಒಳಗೋಡೆಗೆ ಮೆತ್ತಿಕೊಂಡರೆ ಮೊದಲು ನೆನೆಸಬೇಕು, ಪ್ರೆಶರ್ ಹೊಡೆದರೆ ಬರೀ ಎರಚುತ್ತದೆ. ಚಿತ್ರದುರ್ಗದ ಭೀಮಸಮುದ್ರ ಕಡೆ ಓಡಾಡಿದ ಗಾಡಿ ಆದರೆ ಅದಿರಿನ ಕೆಂಪು ಧೂಳು ಡೋರಿನ ರಬ್ಬರಿನೊಳಗೂ ಕೂತಿರುತ್ತದೆ. ಅದಕ್ಕೆ ಬಟ್ಟೆ ಹಚ್ಚುವ ಮೊದಲು ಎರಡು ಸಲ ಫೋಮ್ ಹೊಡೆಯುತ್ತೇವೆ. ಹರಳು ಹರಳಾದ ಆ ಧೂಳಿನ ಮೇಲೆ ಬಟ್ಟೆ ಆಡಿಸಿದರೆ ಗೆರೆ ಗ್ಯಾರಂಟಿ. ಮಂಡಕ್ಕಿ ಭಟ್ಟಿ ಹತ್ತಿರ ನಿಲ್ಲಿಸುವ ಗಾಡಿಗಳದು ಇನ್ನೊಂದು ಕಥೆ. ರೂಫಿನ ಮೇಲೆ ಮಸಿ ಎಣ್ಣೆಯ ಹಾಗೆ ಹಿಡಿದಿರುತ್ತದೆ, ಬರೀ ಶಾಂಪೂಗೆ ಜಗ್ಗುವುದಿಲ್ಲ. ಇದು ಮುಂಚೆಯೇ ಗೊತ್ತಿದ್ದರೆ ಗಾಡಿಗೆ ಎಷ್ಟು ಹೊತ್ತು ಇಡಬೇಕು ಅನ್ನುವುದೂ ಗೊತ್ತಾಗುತ್ತದೆ.

ಸೀಟ್ ಶಾಂಪೂ ಇರುವ ಗಾಡಿಯನ್ನು ಹಿಂದಿನ ದಿನ ಸಂಜೆಯೇ ಬಿಟ್ಟು ಹೋಗಿ ಅನ್ನುತ್ತೇನೆ. ಬಟ್ಟೆ ಸೀಟು ತೊಳೆದು ನೀರು ಹೀರಿಸಿದ ಮೇಲೂ ಒಣಗಲು ತಾಸುಗಟ್ಟಲೆ ಬೇಕು. ಹಗಲು ಒಣಗಿಸೋಣ ಅಂತ ಡೋರು ತೆಗೆದಿಟ್ಟರೆ ಪಾಲಿಶಿನ ಪುಡಿ ಒಳಗೆ ಹಾರುತ್ತದೆ, ಡೋರು ಮುಚ್ಚಿದರೆ ಮುಗ್ಗಲು ವಾಸನೆ. ರಾತ್ರಿಯಿಡೀ ಫ್ಯಾನ್ ಹಾಕಿ ಬಿಟ್ಟರೆ ಬೆಳಿಗ್ಗೆಗೆ ಮುಗಿದಿರುತ್ತದೆ. ಡ್ಯಾಶ್‌ಬೋರ್ಡು, ಒಳಗಿನ ಗ್ಲಾಸು ಮಾತ್ರ ಎಲ್ಲಾ ಮುಗಿದ ಮೇಲೆ. ಮೊದಲೇ ಮಾಡಿದರೆ ಎರಡು ಸಲ ಮಾಡಬೇಕು.

ಒಳಗಡೆ ಅಂದಾಗ ಎಪಿಎಂಸಿ ವ್ಯಾಪಾರಿಗಳ ಗಾಡಿ ನೆನಪಾಗುತ್ತದೆ. ಮೆಕ್ಕೆಜೋಳದ ಸೀಸನ್ ಮುಗಿದ ಮೇಲೆ ಬರುತ್ತವೆ. ಸ್ಯಾಂಪಲ್ ಚೀಲದಿಂದ ಉದುರಿದ ಕಾಳು ಸೀಟಿನ ಹಳಿಯಲ್ಲಿ ಸಾಲಾಗಿ ಕೂತಿರುತ್ತದೆ. ಸೀಟು ಹಿಂದಕ್ಕೂ ಹೋಗಲ್ಲ, ಮುಂದಕ್ಕೂ ಬರಲ್ಲ. ವ್ಯಾಕ್ಯೂಮ್ ಬಾಯಿ ಆ ಸಂದಿಗೆ ಹಿಡಿಯುವುದಿಲ್ಲ. ಕಂಪ್ರೆಸರ್ ಗಾಳಿಯನ್ನು ಹಿಂದಿನಿಂದ ಮುಂದಕ್ಕೆ ಹೊಡೆದು, ಮುಂದೆ ವ್ಯಾಕ್ಯೂಮ್ ಹಿಡಿದುಕೊಂಡು ಒಬ್ಬ ನಿಂತರೆ ಎರಡೇ ನಿಮಿಷ. ಕಡ್ಡಿಯಿಂದ ಕೆದಕುತ್ತಾ ಕೂತರೆ ಅರ್ಧ ಗಂಟೆ.

ಪಾಲಿಶಿಂಗ್‌ನಲ್ಲಿ ಹೊತ್ತು ಉಳಿಸಲು ನನಗೆ ಗೊತ್ತಿರುವ ಒಳ್ಳೆಯ ದಾರಿ, ಬೇಡದ್ದನ್ನು ಮಾಡದೇ ಇರುವುದು. ಮೊದಲು ಬಾನೆಟ್‌ನಲ್ಲಿ ಎರಡಡಿ ಚೌಕ ಜಾಗ ಗುರುತು ಮಾಡಿ, ಮೆತ್ತನೆ ಪ್ಯಾಡು, ನಯವಾದ ಪಾಲಿಶ್ ಹಾಕಿ ನೋಡುತ್ತೇನೆ. ಗೆರೆ ಸಾಕಷ್ಟು ಹೋಯಿತಾ, ಇಡೀ ಗಾಡಿಗೆ ಅದೇ. ಹೋಗಲಿಲ್ಲವಾ, ಒಂದು ಮೆಟ್ಟಿಲು ಗಟ್ಟಿ. ಮೊದಲೇ ಖರ ಕಾಂಪೌಂಡ್, ಅಂದರೆ ಜಾಸ್ತಿ ಸವೆಸುವ ಪಾಲಿಶ್ ಹಾಕಿದರೆ ಅದು ಬಿಟ್ಟ ಮಬ್ಬು ತೆಗೆಯಲು ಇನ್ನೊಂದು ಸುತ್ತು ಹೊಡೆಯಲೇಬೇಕು. ಅದೂ ಅಲ್ಲದೆ ಕ್ಲಿಯರ್ ಕೋಟ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರ, ಇರುವುದೇ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್. ನಮ್ಮ ತಲೆಕೂದಲಿಗಿಂತ ತೆಳು. ಪ್ರತಿ ಸಲ ಅದನ್ನೇ ಸ್ವಲ್ಪ ಸವೆಸುತ್ತೇವೆ ಅನ್ನುವುದು ಗಿರಾಕಿಗೆ ಗೊತ್ತಿರುವುದಿಲ್ಲ, ನಮಗೆ ಗೊತ್ತಿರಬೇಕು.

ದಿನಾ ಓಡುವ ಬಿಳಿ ಟ್ಯಾಕ್ಸಿಗೆ ಎರಡು ಸುತ್ತಿನ ಪಾಲಿಶ್ ದಂಡ. ಬಿಳಿ ಬಣ್ಣದಲ್ಲಿ ಸುತ್ತು ಗೆರೆ ಕಾಣುವುದೇ ಕಡಿಮೆ. ಕ್ಲೇ (ಅಂಟಿದ ಕೊಳೆ ಎತ್ತುವ ಜೇಡಿಯಂಥ ಮುದ್ದೆ) ಹಚ್ಚಿ ಟಾರು, ಮಸಿ ತೆಗೆದು ಒಂದೇ ಸುತ್ತು ಹೊಡೆದರೆ ಓನರ್ ಖುಷಿಯಾಗುತ್ತಾನೆ. ಕಪ್ಪು ಗಾಡಿ ಬಂದರೆ ಮಾತ್ರ ಎರಡು ದಿನ ಕೇಳುತ್ತೇನೆ. ಕೊಡದಿದ್ದರೆ ಒಪ್ಪಿಕೊಳ್ಳುವುದಿಲ್ಲ. ಕಪ್ಪು ಗಾಡಿಯನ್ನು ಅವಸರದಲ್ಲಿ ಮಾಡಿಕೊಟ್ಟರೆ ಅದು ಬಿಸಿಲಲ್ಲಿ ನಿಂತು ಊರಿಗೆಲ್ಲಾ ನಮ್ಮ ಕೆಲಸ ತೋರಿಸುತ್ತದೆ.

ಪ್ಯಾಡಿನಲ್ಲಿ ಜಿಪುಣತನ ಮಾಡಬಾರದು. ಒಂದೇ ಪ್ಯಾಡಿನಲ್ಲಿ ಇಡೀ ಗಾಡಿ ಹೊಡೆಯಲು ಹೋದರೆ ಅರ್ಧಕ್ಕೇ ಅದು ಪಾಲಿಶ್ ಕುಡಿದು ಭಾರವಾಗಿ, ಕಾದು, ಕೆಲಸ ನಿಲ್ಲಿಸಿಬಿಡುತ್ತದೆ. ಕೈಗೆ ಗೊತ್ತಾಗುತ್ತದೆ, ಮೆಷಿನ್ನು ಜಾರಿದ ಹಾಗೆ. ಹುಡುಗರು ಆಗ ಜೋರಾಗಿ ಒತ್ತುತ್ತಾರೆ, ಒತ್ತಿದರೆ ನಮ್ಮ ಡ್ಯುಯಲ್ ಆಕ್ಷನ್ (ತಿರುಗುತ್ತಲೇ ಅಲುಗಾಡುವ) ಪಾಲಿಶ್ ಮೆಷಿನ್ನಿನ ಪ್ಯಾಡು ತಿರುಗುವುದನ್ನೇ ಬಿಡುತ್ತದೆ. ಒಂದು ಗಾಡಿಗೆ ಆರು ಪ್ಯಾಡು ಇಟ್ಟುಕೊಂಡಿದ್ದೇನೆ. ಎರಡು ಪ್ಯಾನೆಲ್ ಆದ ಮೇಲೆ ಬದಲಿಸು, ಪ್ರತಿ ಪ್ಯಾನೆಲ್ ಆದ ಮೇಲೆ ಗಾಳಿ ಹೊಡೆದು ಪುಡಿ ಹಾರಿಸು. ಇಷ್ಟೇ ನಿಯಮ. ಇನ್ನೊಂದು, ಕಪ್ಪು ಪ್ಲಾಸ್ಟಿಕ್ ಬೀಡಿಂಗ್‌ಗೆ ಮೊದಲೇ ಟೇಪ್ ಅಂಟಿಸುವುದು. ಬೇಸರದ ಕೆಲಸ, ಆದರೆ ಪ್ಲಾಸ್ಟಿಕ್ಕಿಗೆ ಹತ್ತಿದ ಬಿಳಿ ಪಾಲಿಶನ್ನು ಟೂತ್ ಬ್ರಷ್‌ನಿಂದ ಕೆರೆಯುವುದು ಅದಕ್ಕಿಂತ ದೊಡ್ಡ ಬೇಸರ.

ಮೈಕ್ರೋಫೈಬರ್ ಬಟ್ಟೆಯನ್ನು ಎರಡು ಸಲ ಮಡಚಿದರೆ ಎಂಟು ಮುಖ ಸಿಗುತ್ತದೆ. ಹುಡುಗರಿಗೆ ಮೊದಲು ಕಲಿಸುವುದು ಇದನ್ನೇ. ಮುದ್ದೆ ಮಾಡಿ ಹಿಡಿದವನಿಗೆ ಬಟ್ಟೆ ಎಷ್ಟಿದ್ದರೂ ಸಾಲದು. ಒಗೆಯುವಾಗ ಕಾಟನ್ ಬಟ್ಟೆ ಜೊತೆ ಹಾಕುವುದಿಲ್ಲ, ಫ್ಯಾಬ್ರಿಕ್ ಕಂಡಿಷನರ್ ಹಾಕುವುದಿಲ್ಲ. ಹಾಕಿದರೆ ನೀರು ಹೀರುವುದು ಬಿಟ್ಟು ಬರೀ ಸವರುತ್ತದೆ.

ಕರೆಂಟಿನ ವಿಷಯ. ಬೆಸ್ಕಾಂನವರು ವಿದ್ಯುತ್ ವ್ಯತ್ಯಯ ಅಂತ ಪೇಪರಿನಲ್ಲಿ ಹಾಕುವುದನ್ನು ಬೆಳಿಗ್ಗೆ ನೋಡಿಬಿಡುತ್ತೇನೆ. ಆ ದಿನ ಕ್ಲೇ, ಲೆದರ್, ಒಳಗಡೆಯ ಕೈಕೆಲಸ. ಮೆಷಿನ್ ಕೆಲಸ ಮಾರನೇ ದಿನಕ್ಕೆ.

ಗಿರಾಕಿ ಜೊತೆಗಿನ ಮಾತನ್ನೂ ನಾನು ಕೆಲಸದ ಲೆಕ್ಕಕ್ಕೇ ಸೇರಿಸುತ್ತೇನೆ. ಗಾಡಿ ಬಿಡುವಾಗ ಅವರ ಎದುರಿಗೇ ಸುತ್ತ ನಡೆದು ವಿಡಿಯೋ ಮಾಡಿ ಅವರಿಗೇ ವಾಟ್ಸಾಪ್ ಮಾಡುತ್ತೇನೆ. ಯಾವ ಗೆರೆ ಹೋಗುತ್ತದೆ, ಯಾವುದು ಉಗುರಿಗೆ ಸಿಗುವಷ್ಟು ಆಳ, ಅದು ಹೋಗಲ್ಲ ಅಂತ ಅಲ್ಲೇ ಹೇಳುತ್ತೇನೆ. ಸಂಜೆ "ಇದೇನಪ್ಪಾ, ಇದು ಹೋಗಿಲ್ಲ?" ಅನ್ನುವ ಮಾತು ಬಂದರೆ ಮುಕ್ಕಾಲು ಗಂಟೆ ಹೋಗುತ್ತದೆ. ಗಾಡಿ ಖಾಲಿ ಮಾಡಿ ತನ್ನಿ ಅಂತಲೂ ಹೇಳುತ್ತೇನೆ. ಆದರೂ ಡಿಕ್ಕಿ ತೆಗೆದರೆ ಅಡಿಕೆ ಚೀಲ, ಮಕ್ಕಳ ಸೈಕಲ್ಲು, ಮದುವೆ ಕಾರ್ಡಿನ ಕಟ್ಟು. ಎಲ್ಲಾ ತೆಗೆದು ಒಂದು ಕ್ರೇಟಿಗೆ ಹಾಕಿ ಗಾಡಿ ನಂಬರ್ ಬರೆದಿಡುತ್ತೇವೆ.

ಇದೆಲ್ಲದರ ನಿಜವಾದ ಪರೀಕ್ಷೆ ಆಯುಧ ಪೂಜೆ. ಹಬ್ಬದ ಹಿಂದಿನ ಮೂರು ದಿನ ಊರಿನ ಎಲ್ಲಾ ಗಾಡಿಗೂ ಒಟ್ಟಿಗೆ ನೀರು ಬೇಕು. ಆ ದಿನಗಳಲ್ಲಿ ಪಾಲಿಶ್, ಕೋಟಿಂಗ್ ಮುಟ್ಟುವುದೇ ಇಲ್ಲ, ತೊಳೆಯುವುದು ಮಾತ್ರ. ಹಬ್ಬ ಮುಗಿದ ಮೇಲೆ ಅರಿಶಿನ ಕುಂಕುಮದ ಸರದಿ. ಒಣಗಿದ ಕುಂಕುಮಕ್ಕೆ ಒದ್ದೆ ಬಟ್ಟೆ ಹಾಕಿದರೆ ಬಾನೆಟ್ ತುಂಬಾ ಹರಡುತ್ತದೆ. ಮೊದಲು ಗಾಳಿ ಹೊಡೆದು ಪುಡಿ ಹಾರಿಸಬೇಕು. ಅರಿಶಿನಕ್ಕಂತೂ ಆಲ್ ಪರ್ಪಸ್ ಕ್ಲೀನರ್ ತೋರಿಸಲೇಬಾರದು. ಅದರ ಕ್ಷಾರಕ್ಕೆ ಹಳದಿ ಕಲೆ ಕೆಂಪಾಗಿ ಕೂರುತ್ತದೆ. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಆಗುತ್ತದಲ್ಲ, ಅದೇ ಕೆಂಪು. ಸಾಧಾರಣ ಶಾಂಪೂವಿನಲ್ಲಿ ತೊಳೆದು, ಉಳಿದ ತೆಳು ಹಳದಿಯನ್ನು ಬಿಸಿಲಿಗೆ ಬಿಟ್ಟರೆ ಒಂದೆರಡು ದಿನದಲ್ಲಿ ತಾನೇ ಮಾಸುತ್ತದೆ. ಉಜ್ಜುವ ಕೆಲಸವೇ ಇಲ್ಲ.

ಈಗ ಗಾಡಿ ಕೊಡುವಾಗಲೇ ಹೇಳಿ ಕಳಿಸುತ್ತೇನೆ, "ಸಾರ್, ಕುಂಕುಮ ಗ್ಲಾಸಿಗೆ ಇಡಿ, ಬಾನೆಟ್‌ಗೆ ಬೇಡ." ಗಂಡಸರು ಆಯ್ತಪ್ಪ ಅನ್ನುತ್ತಾರೆ. ಮನೆಯಲ್ಲಿ ಪೂಜೆ ಮಾಡುವವರು ಅವರ ಅಮ್ಮ. ಅವರು ಬಾನೆಟ್ ನಡುವೆಯೇ ಇಡುತ್ತಾರೆ, ಮೂರು ಬೆರಳಿನ ವಿಭೂತಿ ಸಮೇತ. ಅದಕ್ಕೇ ವಿಜಯದಶಮಿಯ ಮಾರನೇ ದಿನ ಬೆಳಗಿನ ಹೊತ್ತಿಗೆ ಯಾವ ಬುಕಿಂಗೂ ತೆಗೆದುಕೊಳ್ಳುವುದಿಲ್ಲ. ಶೆಡ್ಡು ತೆಗೆಯುವಷ್ಟರಲ್ಲಿ ಎರಡು ಮೂರು ಬಿಳಿ ಗಾಡಿ ಬಂದು ನಿಂತಿರುತ್ತವೆ.