ಲಿಯೋನ್‌ನ ಬಾಗಿಲುಗಳ ಹಿಂದೆ: ಅಂಗಳ, ಶಿಲ್ಪಗಳ ಫೋಟೋ ತೆಗೆದ ನನ್ನ ಅನುಭವ

ಫ್ರಾನ್ಸಿನ ಲಿಯೋನ್‌ಗೆ ಬಂದೋರು ಹಳೇ ಊರಲ್ಲಿ ಸಾಂ ಜಾನ್ ಬೀದಿ ಉದ್ದಕ್ಕೂ ನಡೀತಾರೆ, ಐಸ್ ಕ್ರೀಮ್ ತಿಂತಾರೆ, ಚರ್ಚ್ ಮುಂದೆ ಸೆಲ್ಫಿ ತಗೋತಾರೆ, ವಾಪಸ್ ಹೋಗ್ತಾರೆ. ಊರಿನ ಅರ್ಧ ಚೆಂದ ಆ ಬೀದಿ ಬಾಗಿಲುಗಳ ಹಿಂದೆ ಇದೆ ಅನ್ನೋದು ತುಂಬಾ ಜನಕ್ಕೆ ಗೊತ್ತಾಗೋದೇ ಇಲ್ಲ. ಕೆಲಸದ ಮೇಲೆ ಇಲ್ಲಿಗೆ ಬಂದಮೇಲೆ ವೀಕೆಂಡ್‌ಗಳಲ್ಲಿ ಈ ಅಂಗಳಗಳನ್ನ ಹುಡುಕಿ ಫೋಟೋ ತೆಗೆಯೋದು ನಂಗೆ ಒಂಥರಾ ಚಟ ಆಗೋಯ್ತು, ಹೇಗೆ ಮಾಡ್ದೆ ಅಂತ ಕೆಲವರು ಕೇಳ್ತಿದ್ರು, ಅದಕ್ಕೇ ಬರೀತಿದೀನಿ.

ಮೊದಲು ಊರಿನ ಆಕಾರ ಅರ್ಥ ಮಾಡ್ಕೋಬೇಕು. ಸೋನ್ ನದಿಗೂ ಫೂರ್ವಿಯೇರ್ ಗುಡ್ಡಕ್ಕೂ ನಡುವೆ ಜಾಗ ಕಮ್ಮಿ, ಬೀದಿಗಳೆಲ್ಲ ನದಿ ಪಕ್ಕದಲ್ಲೇ ಉದ್ದಕ್ಕೆ ಓಡ್ತವೆ, ಅಡ್ಡ ಬೀದಿ ಬೆರಳೆಣಿಕೆಯಷ್ಟು, ಹಾಗಾಗಿ ಒಂದು ಬೀದಿಯಿಂದ ಇನ್ನೊಂದಕ್ಕೆ ಹೋಗೋಕೆ ಜನ ಮನೆಗಳ ಒಳಗಿಂದಲೇ ದಾರಿ ಮಾಡ್ಕೊಂಡ್ರು. ಇದನ್ನೇ ಟ್ರಾಬೂಲ್ ಅಂತಾರೆ. ಒಂದು ಕತ್ತಲೆ ಓಣಿ, ಆಮೇಲೆ ಮೇಲಿಂದ ಬೆಳಕು ಬೀಳೋ ಅಂಗಳ, ಸುತ್ತ ಮಹಡಿ ಮೇಲೆ ಮಹಡಿ ಕಲ್ಲಿನ ಕಮಾನುಗಳ ಜಗಲಿ, ಮೂಲೇಲಿ ಸುರುಳಿ ಮೆಟ್ಟಿಲು, ಮತ್ತೆ ಓಣಿ, ಇನ್ನೊಂದು ಬೀದಿ. ನಮ್ಮ ತೊಟ್ಟಿಮನೆನ ನಾಲ್ಕೈದು ಮಹಡಿ ಎತ್ತರಕ್ಕೆ ಎಳೆದ್ರೆ ಹೇಗಿರುತ್ತೋ ಹಾಗೆ. ಊರಲ್ಲಿ ಒಟ್ಟು ಸುಮಾರು 500 ಇವೆ ಅಂತಾರೆ, ಆದ್ರೆ ನಮ್ಮಂಥವರಿಗೆ ತೆರೆದಿರೋದು ಕೆಲವೇ ಡಜನ್. ನಗರಪಾಲಿಕೆ ಕೆಲವು ಕಟ್ಟಡಗಳ ಮಾಲೀಕರ ಜೊತೆ ಒಪ್ಪಂದ ಮಾಡ್ಕೊಂಡಿದೆ, ನೀವು ಹಗಲು ಹೊತ್ತು ಜನರನ್ನ ಬಿಡಿ, ರಿಪೇರಿ, ಕ್ಲೀನಿಂಗ್, ಲೈಟಿನ ಖರ್ಚಲ್ಲಿ ನಾವೂ ಪಾಲು ಕೊಡ್ತೀವಿ ಅಂತ.

ಬಾಗಿಲು ಮುಚ್ಚಿರುತ್ತೆ, ಅದಕ್ಕೇ ಜನ ಮುಂದೆ ಹೋಗ್ಬಿಡ್ತಾರೆ. ತಳ್ಳಿ ನೋಡ್ಬೇಕು. ತೆಗೀಲಿಲ್ಲ ಅಂದ್ರೆ ಪಕ್ಕದಲ್ಲಿ ಒಂದು ಬಟನ್ ಇರುತ್ತೆ, ಪೋಸ್ಟ್‌ಮ್ಯಾನ್‌ಗೆ ಅಂತ ಇಟ್ಟಿರೋದು, ಬೆಳಗ್ಗೆ ಹೊತ್ತು ಒತ್ತಿದ್ರೆ ಟಕ್ ಅಂತ ತೆಗೆದುಕೊಳ್ಳುತ್ತೆ, ಸಂಜೆ ಮೇಲೆ ಕೆಲಸ ಮಾಡಲ್ಲ. ಹಾಗಾಗಿ ನನ್ನ ಹುಡುಕಾಟ ಎಲ್ಲಾ ಬೆಳಗ್ಗೆನೇ. ಆದ್ರೆ ಬಾಗಿಲು ತೆಗೀತು ಅಂದಮಾತ್ರಕ್ಕೆ ಅದು ಮ್ಯೂಸಿಯಂ ಅಲ್ಲ, ಮೇಲೆ ಜನ ಮಲಗಿರ್ತಾರೆ, ಅಂಗಳದಲ್ಲಿ ಪಿಸುಮಾತಾಡಿದ್ರೂ ಮೇಲಿನ ಮಹಡಿವರೆಗೆ ಕೇಳ್ಸುತ್ತೆ. ಯಾರೇ ಎದುರಾದ್ರೂ ಮೊದಲು "ಬೊಂಜೂರ್", ಆಮೇಲೆ ಕ್ಯಾಮೆರಾ. ಒಗೆದು ಹಾಕಿರೋ ಬಟ್ಟೆ, ಕಿಟಕಿ ಒಳಗೆ, ಲೆಟರ್ ಬಾಕ್ಸ್ ಮೇಲಿನ ಹೆಸರು, ಇವು ಫ್ರೇಮಿಗೆ ಬರದಂತೆ ನೋಡ್ಕೋತೀನಿ. ತೆರೆದಿರೋ ಲಿಸ್ಟಲ್ಲಿ ಇಲ್ಲದ ಒಂದೆರಡು ಅಂಗಳ ನಂಗೆ ಸಿಕ್ಕಿದ್ದು ಹೀಗೇ, ತರಕಾರಿ ಚೀಲ ಹಿಡ್ಕೊಂಡು ಬಂದ ಒಬ್ಬ ಅಜ್ಜಿ, ಬೇರೆ ಅಂಗಳದಲ್ಲಿ ನಾನು ತೆಗೆದಿದ್ದ ಫೋಟೋ ಫೋನಲ್ಲಿ ನೋಡಿ, ನಮ್ಮನೇದು ಇದಕ್ಕಿಂತ ಚೆನ್ನಾಗಿದೆ ಬಾ ಅಂತ ಕರ್ಕೊಂಡು ಹೋದ್ರು. ನಿಜವಾಗ್ಲೂ ಚೆನ್ನಾಗಿತ್ತು. ಅಡ್ರೆಸ್ ಮಾತ್ರ ಕೇಳ್ಬೇಡಿ.

ಇನ್ನು ಫೋಟೋ ವಿಷಯ. ಟ್ರೈಪಾಡ್ ಮನೇಲೇ ಬಿಡಿ, ಓಣಿ ಅಗಲ ಒಬ್ಬರು ಹೋಗೋವಷ್ಟೇ ಇರುತ್ತೆ, ಸೈಕಲ್ ತಳ್ಕೊಂಡು ಬರೋರಿಗೆ ದಾರಿ ಬಿಡ್ಬೇಕು. ವೈಡ್ ಲೆನ್ಸ್ ಬೇಕು, ಫೋನಿಂದಾದ್ರೆ 0.5 ಜೂಮ್ ಸಾಕು, ನೆಟ್ಟಗೆ ಮೇಲಕ್ಕೆ ತೆಗೆದ್ರೆ ಗೋಡೆ ವಾಲೋ ತಲೆನೋವೇ ಇಲ್ಲ. ದೊಡ್ಡ ತೊಂದರೆ ಬೆಳಕಿಂದು. ಮೇಲೆ ಆಕಾಶ ಬೆಳ್ಳಗೆ ಉರೀತಿರುತ್ತೆ, ಕೆಳಗೆ ಕತ್ತಲೆ, ಮೋಡ ಇರೋ ದಿನ ಹೋದ್ರೆ ಈ ವ್ಯತ್ಯಾಸ ಕಮ್ಮಿ, ಇಲ್ಲಾಂದ್ರೆ ಮೂರು ಎಕ್ಸ್‌ಪೋಷರ್, ಅಂದ್ರೆ ಒಂದೇ ದೃಶ್ಯನ ಕಮ್ಮಿ, ಮಧ್ಯಮ, ಜಾಸ್ತಿ ಬೆಳಕಲ್ಲಿ ತೆಗೆದು ಸೇರಿಸ್ಬೇಕು. ಓಣಿ ಲೈಟು ಟೈಮರ್ ಮೇಲೆ ಓಡುತ್ತೆ, ಒತ್ತಿದ್ರೆ ಸ್ವಲ್ಪ ಹೊತ್ತು ಉರಿದು ತಾನೇ ಆಫ್ ಆಗುತ್ತೆ. ಆ ಹಳದಿ ಬೆಳಕೂ ಹಗಲಿನ ಬೆಳಕೂ ಸೇರಿದ್ರೆ ಗೋಡೆ ಬಣ್ಣ ಕೆಟ್ಟೋಗುತ್ತೆ, ಹಾಗಾಗಿ ನಾನು ಲೈಟ್ ಆರೋವರೆಗೂ ಕಾಯ್ತೀನಿ. ಬಣ್ಣ ಸರಿಹೊಂದಿಸೋ ವೈಟ್ ಬ್ಯಾಲೆನ್ಸ್ ಸೆಟ್ಟಿಂಗ್ ಆಟೋದಲ್ಲಿ ಬಿಡೋ ಹಾಗೇ ಇಲ್ಲ, ಗೋಡೆಗಳೆಲ್ಲ ಕಾವಿ, ಗುಲಾಬಿ ಬಣ್ಣ, ಕ್ಯಾಮೆರಾ ಅದನ್ನ "ಸರಿ ಮಾಡೋಕೆ" ಹೋಗಿ ನೀಲಿ ಮಾಡಿಡುತ್ತೆ.

ಮರುಶೋಧ ಅನ್ನೋ ಮಜಾ ಶುರುವಾಗಿದ್ದು ಹಳೇ ಫೋಟೋಗಳಿಂದ. ಜೂಲ್ ಸಿಲ್ವೆಸ್ತ್ರ್ ಅಂತ ಒಬ್ಬ ಫೋಟೋಗ್ರಾಫರ್ ಇದ್ರು (1859–1936), ಅವರ ಸಂಗ್ರಹ ಲಿಯೋನ್ ನಗರ ಗ್ರಂಥಾಲಯದಲ್ಲಿದೆ, ಆನ್‌ಲೈನ್‌ನಲ್ಲೂ ನೋಡ್ಬಹುದು. ನಾನು ಫೋನಲ್ಲಿ ಹಳೇ ಫೋಟೋ ಇಟ್ಕೊಂಡು, ಅದೇ ಮೆಟ್ಟಿಲು, ಅದೇ ಕಮಾನು ಸಿಗೋವರೆಗೂ ಓಡಾಡ್ತೀನಿ, ಆಮೇಲೆ ಅವರು ನಿಂತಿದ್ದ ಜಾಗದಲ್ಲೇ ನಿಂತು ತೆಗೀತೀನಿ. ಹಾಗೆ ಪಕ್ಕಪಕ್ಕ ಇಟ್ಟಾಗ ಗೊತ್ತಾಗೋದು ಈ ಏರಿಯಾ ಹೇಗಿತ್ತು ಅಂತ: ಮಸಿ ಹಿಡಿದ ಗೋಡೆ, ಇಟ್ಟಿಗೆ ಹಾಕಿ ಮುಚ್ಚಿದ ಜಗಲಿ, ಅಂಗಳದ ತುಂಬಾ ಶೆಡ್ಡು. ಇನ್ನೂ ಒಂದು ವಿಷ್ಯ, ಎರಡನೇ ಮಹಾಯುದ್ಧ ಮುಗಿದ ಮೇಲೆ ಇಲ್ಲಿನ ಮೇಯರ್‌ಗೆ ಈ ಹಳೇ ಊರಿನ ಮಧ್ಯದಲ್ಲೇ ಒಂದು ದೊಡ್ಡ ರೋಡ್ ಹೊಡೆಯೋ ಆಸೆ ಇತ್ತು! ಸ್ಥಳೀಯರ ಸಂಘ ಜಗಳಕ್ಕೆ ನಿಂತು ತಡೀತು. ಸಂಸ್ಕೃತಿ ಸಚಿವ ಆಂದ್ರೆ ಮಾಲ್ರೋ 1962ರಲ್ಲಿ ಹಳೇ ಬಡಾವಣೆ ಕಾಪಾಡೋ ಕಾನೂನು ತಂದ್ರು, 1964ರಲ್ಲಿ ಆ ಕಾನೂನಿನಡಿ ಫ್ರಾನ್ಸಲ್ಲೇ ಮೊದಲು ಸಂರಕ್ಷಿತ ಆಗಿದ್ದು ಇದೇ ಏರಿಯಾ, 1998ರಲ್ಲಿ ಯುನೆಸ್ಕೋ ಪಟ್ಟಿಗೂ ಬಂತು. ಈಗ ನಾವು ಇನ್‌ಸ್ಟಾಗ್ರಾಮ್‌ಗೆ ಹಾಕೋ ಗುಲಾಬಿ ಗೋಡೆ ಎಲ್ಲಾ ಆ ಜಗಳದ ಫಲ.

ಎಲ್ಲಿಂದ ಶುರು ಮಾಡೋದು ಅಂದ್ರೆ, ಸಾಂ ಜಾನ್ ಬೀದಿ 54ನೇ ನಂಬರ್‌ನಲ್ಲಿ ಒಳಗೆ ಹೋಗಿ, ಬಫ್ ಬೀದಿ 27ರಲ್ಲಿ ಹೊರಗೆ ಬರ್ತೀರಿ, ಹಳೇ ಊರಿನ ಅತಿ ಉದ್ದದ ಟ್ರಾಬೂಲ್ ಅದು. ಅದೇ ಬಫ್ ಬೀದಿ 16ರಲ್ಲಿ ಗುಲಾಬಿ ಗೋಪುರ, ಎಲ್ಲರೂ ತೆಗೆಯೋದು ಅದನ್ನೇ, ನಂಗೇನೋ ಸ್ವಲ್ಪ ಓವರ್ ಅನ್ಸುತ್ತೆ. ನನ್ನ ಫೇವರಿಟ್ ಜ್ವಿವ್ರೀ ಬೀದಿ 8. ಫಿಲಿಬೇರ್ ದ ಲೋರ್ಮ್ ಇದೇ ಊರಿನ ಹುಡುಗ, ರೋಮ್‌ನಲ್ಲಿ ಕಟ್ಟಡಕಲೆ ಅಭ್ಯಾಸ ಮಾಡಿ ವಾಪಸ್ ಬಂದು 1536ರಲ್ಲಿ ಇಲ್ಲಿ ಒಂದು ಜಗಲಿ ಕಟ್ಟಿದ್ದಾನೆ, ಅಂಗಳದ ಆ ಕಡೆ ಈ ಕಡೆ ಕಟ್ಟಡ ಸೇರಿಸ್ಬೇಕು ಆದ್ರೆ ಅಂಗಳದ ಜಾಗ ತಿನ್ನಬಾರ್ದು, ಅದಕ್ಕೇ ಕಂಬ ಇಡದೆ ಗೋಡೆಯಿಂದ ಕಲ್ಲನ್ನ ಹೊರಕ್ಕೆ ಬಾಗಿಸಿ ಅದರ ಮೇಲೆ ಕೂರಿಸಿದ್ದಾನೆ. ಕೆಳಗೆ ನಿಂತು ಆ ಬಾಗಿದ ಕಲ್ಲಿನ ಅಡಿಭಾಗ ತೆಗೀರಿ, ಎದುರಿಂದ ತೆಗೆದ್ರೆ ಅವನು ಮಾಡಿರೋ ಕೆಲಸ ಏನೂ ಕಾಣ್ಸಲ್ಲ.

ಶಿಲ್ಪಗಳು ಬಾಗಿಲ ಹಿಂದೆ ಮಾತ್ರ ಅಲ್ಲ, ಕಣ್ಣೆದುರೇ ಅಡಗಿರ್ತವೆ. ಬೀದಿ ಮೂಲೆ ಗೂಡಲ್ಲಿ ಮೇರಿಯಮ್ಮ, ಬಫ್ ಬೀದಿ ಮೂಲೇಲಿ ಕಲ್ಲಿನ ಎತ್ತು, ಓಣಿ ಚಾವಣಿ ಕಮಾನು ಗೋಡೆಗೆ ಸೇರೋ ಕಡೆ ಪುಟ್ಟ ಮುಖಗಳು. ಸಾಂ ಜಾನ್ ಚರ್ಚಿನ ಬಾಗಿಲುಗಳ ಅಕ್ಕಪಕ್ಕ ಮುನ್ನೂರಕ್ಕೂ ಹೆಚ್ಚು ಸಣ್ಣ ಕಲ್ಲಿನ ಚಿತ್ರ ಇವೆ. 1562ರಲ್ಲಿ ಪ್ರಾಟೆಸ್ಟೆಂಟ್ ಸೈನಿಕರು ಬಂದು ಮುಂಭಾಗದ ದೊಡ್ಡ ಮೂರ್ತಿಗಳನ್ನೆಲ್ಲ ಒಡೆದುಹಾಕಿದ್ರು, ಈ ಸಣ್ಣವು ಉಳ್ಕೊಂಡ್ವು. ಅದ್ರಲ್ಲಿ ಒಂದ್ರಲ್ಲಿ ಅರಿಸ್ಟಾಟಲ್ ಕುದುರೆ ಥರ ಬಗ್ಗಿದ್ದಾನೆ, ಮೇಲೆ ಒಬ್ಬ ಹೆಂಗಸು ಸವಾರಿ ಮಾಡ್ತಿದ್ದಾಳೆ, ಚರ್ಚ್ ಬಾಗಿಲಲ್ಲೇ! ಇವು ಪಶ್ಚಿಮಕ್ಕೆ ಮುಖ ಮಾಡಿವೆ, ಬೇಸಿಗೆಲಿ ಮಧ್ಯಾಹ್ನ ಎರಡರ ಹೊತ್ತಿಗೆ ಬಿಸಿಲು ಗೋಡೆ ಸವರಿಕೊಂಡು ಬೀಳುತ್ತೆ, ಆಗ ಮಾತ್ರ ಕೆತ್ತನೆ ಎದ್ದು ಕಾಣುತ್ತೆ, ಸಂಜೆ ನೇರ ಬಿಸಿಲಲ್ಲಿ ಎಲ್ಲಾ ಚಪ್ಪಟೆ. ಒಳಗೆ ಜಾಗ ಇಲ್ಲದ ಅಂಗಳಗಳಿಗಿಂತ ಇಲ್ಲಿ ಕಲಿಯೋದು ಸುಲಭ.

ಟೈಮ್ ಇದ್ರೆ ಕ್ರ್ವಾ ರೂಸ್ ಗುಡ್ಡಕ್ಕೂ ಹೋಗಿ. ಅದು 19ನೇ ಶತಮಾನದ ರೇಷ್ಮೆ ನೇಕಾರರ ಏರಿಯಾ, ಇಲ್ಲಿ ಕೆತ್ತನೆ ಗಿತ್ತನೆ ಇಲ್ಲ, ಚಾವಣಿ ಮಾತ್ರ ಸುಮಾರು ನಾಲ್ಕು ಮೀಟರ್ ಎತ್ತರ, ಯಾಕಂದ್ರೆ ಬಟ್ಟೆಲಿ ಡಿಸೈನ್ ನೇಯೋ ಎತ್ತರದ ಜಕಾರ್ಡ್ ಮಗ್ಗ ಒಳಗೆ ಹಿಡೀಬೇಕಿತ್ತು. ನಮ್ಮ ದೊಡ್ಡಬಳ್ಳಾಪುರದ ರೇಷ್ಮೆ ಮಗ್ಗದೋರು ಇವತ್ತೂ ಜಕಾರ್ಡ್ ಅಂತಾರಲ್ಲ, ಆ ಜಕಾರ್ಡ್ ಇದೇ ಲಿಯೋನಲ್ಲಿ 1752ರಲ್ಲಿ ಹುಟ್ಟಿದ ಮನುಷ್ಯ. ಪ್ಲಾಸ್ ಕೋಲ್ಬೇರ್ 9ರಿಂದ ಒಳಗೆ ಹೋದ್ರೆ ವೊರಾಸ್ ಅಂಗಳ, ಬರೀ ಕಲ್ಲಿನ ಮೆಟ್ಟಿಲು, ಆರು ಮಹಡಿ. ಅಲ್ಲಿ ಮೇಲಿಂದ ಕೆಳಗೆ ಇಳಿದು ಬಂದು ಹಿಂದಿರುಗಿ ತೆಗೀರಿ, ಕೆಳಗಿನ ಬಾಗಿಲಿಂದ ಮೆಟ್ಟಿಲು ಪೂರ್ತಿ ಫ್ರೇಮಿಗೆ ಬರುತ್ತೆ, ಒಬ್ಬರಾದ್ರೂ ಹತ್ತೋವರೆಗೂ ಕಾಯಿರಿ, ಇಲ್ಲಾಂದ್ರೆ ಎತ್ತರ ಎಷ್ಟು ಅಂತ ನೋಡೋರಿಗೆ ಗೊತ್ತಾಗಲ್ಲ.